ಪ್ರಾಣಿಕೋಶದಲ್ಲಿ ಹೊಸದೊಂದು ಅಂಗ

ಗುರುವಾರ, ಮಧ್ಯಾಹ್ನದ ಬಿಡುವು
ಜೀವಶಾಸ್ತ್ರ ಪ್ರಯೋಗಾಲಯ

ಮಹಾಮಹಿಮ ಪರೀಕ್ಷಕರೂ ದುರದೃಷ್ಟವಶಾತ್ ನನ್ನ ಒಡಹುಟ್ಟಿದವರೂ ಆದ ಅಕ್ಕನವರಿಗೆ, ತಂಗಿಯ ದೂರದ ನಮಸ್ಕಾರಗಳು.

ವಿಜ್ಞಾನದ ಚರಿತ್ರೆಯಲ್ಲಿ ಚಿನ್ನದ ಅಕ್ಷರಗಳಲ್ಲಿ ಬರೆದಿಡಬೇಕಾದ ಸಂಗತಿಯೊಂದನ್ನು ಮೊಟ್ಟಮೊದಲು ತಮ್ಮ ಪಾದಕ್ಕೆ ಅರ್ಪಿಸುತ್ತಿದ್ದೇನೆ. ನಮ್ಮ ಶಾಲೆಯ ಒಂಬತ್ತನೇ ತರಗತಿ ‘ಬಿ’ ವಿಭಾಗದ ಮೂವತ್ತೆಂಟು ಮಕ್ಕಳು ಪ್ರಾಣಿಕೋಶದಲ್ಲಿ ಇದುವರೆಗೆ ಯಾವ ಪಂಡಿತರ ಕಣ್ಣಿಗೂ ಬೀಳದ ಹೊಸ ಅಂಗವೊಂದನ್ನು ಕಂಡುಹಿಡಿದಿದ್ದಾರೆ. ಅದು ಬಲಗಡೆಯಿಂದ ಕೋಶಪೊರೆಯನ್ನು ಸೀಳಿಕೊಂಡು ಒಳಬರುತ್ತದೆ, ಈಟಿಯ ಹಾಗೆ ನೆಟ್ಟಗಿರುತ್ತದೆ, ಕೋಶಕೇಂದ್ರದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಇನ್ನೂ ಸೋಜಿಗವೆಂದರೆ ಈರುಳ್ಳಿ ಪೊರೆಯಲ್ಲೂ ಅದೇ ಅಂಗ, ಅದೇ ಬಲಗಡೆ, ಅದೇ ಓರೆ! ಸಸ್ಯಕೋಶಕ್ಕೆ ಭಿತ್ತಿಯುಂಟು, ಪ್ರಾಣಿಕೋಶಕ್ಕಿಲ್ಲ, ಸಸ್ಯಕೋಶದ ರಸದಾನಿ ದೊಡ್ಡದು, ಪ್ರಾಣಿಕೋಶದ್ದು ಚಿಕ್ಕದು ಎಂದು ಬರೀ ವ್ಯತ್ಯಾಸಗಳನ್ನೇ ಬಾಯಿಪಾಠ ಮಾಡಿಸುತ್ತಿದ್ದ ನಮ್ಮಂಥವರಿಗೆ, ಎರಡಕ್ಕೂ ಹೊಂದುವ ಒಂದು ಬಾಲವನ್ನು ಈ ಮಕ್ಕಳು ದಯಪಾಲಿಸಿದ್ದಾರೆ.

ಇಂಥ ಸಾಧನೆಗೆ ತಾವು ಕೊಟ್ಟ ಬಹುಮಾನ, ತಲೆಗೆ ಹತ್ತಕ್ಕೆ ಮೂರು ಅಂಕ.

ಮರ್ಯಾದೆ ಇಷ್ಟು ಸಾಕು, ಬಗ್ಗಿ ಬಗ್ಗಿ ಬೆನ್ನು ನೋಯುತ್ತಿದೆ. ಇನ್ನು ‘ನೀನು’ ಎಂದೇ ಬರೆಯುತ್ತೇನೆ.

ಮಂಗಳವಾರ ನೀನು ಬಂದೆ. ಸ್ಟಾಫ್ ರೂಮಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿಯನ್ನು, ಅಂದರೆ ನಿನ್ನ ಹಳೆಯ ಸಿಂಹಾಸನವನ್ನು, ಎಳೆದುಕೊಂಡು ಕೂತೆ. ನನ್ನತ್ತ ಕಣ್ಣೆತ್ತಿಯೂ ನೋಡದೆ ಹೆಡ್ ಮಾಸ್ಟರಿಗೆ, “ಚಿಕ್ಕ ಮಿಸ್‌ಗೆ ಹೇಳಿ, ರೆಕಾರ್ಡ್ ಬುಕ್ ತರೋಕೆ” ಅಂದೆ. ನಾನು ನಿಂತಿದ್ದು ನಿನ್ನಿಂದ ಎರಡು ಮಾರು ದೂರದಲ್ಲಿ. ಆ ಪುಣ್ಯಾತ್ಮರು ನನ್ನ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಬಿಡಿಸಿ ಹೇಳಿದರು, ನಾನೇನೋ ನಿನ್ನ ಭಾಷೆ ಬಾರದವಳು ಎಂಬಂತೆ. ನನಗೀಗ ನಲವತ್ತಮೂರು. ನೀನು ಈ ಶಾಲೆ ಬಿಟ್ಟು ಪರೀಕ್ಷಕಿಯಾಗಿ ಮೇಲೇರಿ ಆರು ವರ್ಷವಾಯಿತು. ಆದರೂ ಇಲ್ಲಿ ದೊಡ್ಡ ಮಿಸ್ ನೀನೇ, ನಾನು ಚಿಕ್ಕ ಮಿಸ್.

ನಿನ್ನ ಜಾಗಕ್ಕೆ ನಾನು ಬರುತ್ತೇನೆಂದು ಗೊತ್ತಾದ ದಿನ, ತುಂಬಿದ ಸ್ಟಾಫ್ ರೂಮಿನಲ್ಲಿ ನೀನು ಹೇಳಿದ್ದು ನೆನಪಿದೆಯಾ? “ನನ್ನ ತಂಗೀನಾ? ಅವಳಿಗೆ ಈರುಳ್ಳಿ ಹೆಚ್ಚೋಕೆ ಬರುತ್ತೆ, ಪೊರೆ ಎಬ್ಬಿಸೋಕೆ ಬರಲ್ಲ.” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅವರಲ್ಲಿ ಮೂವರು ನನಗೇ ಬಂದು ಹೇಳಿದರು, ಬೇರೆಬೇರೆಯಾಗಿ, ಮೂರು ಸಲ. ಆವತ್ತಿನಿಂದ ನಾನು ನಿನ್ನ ಜೊತೆ ಮಾತು ಬಿಟ್ಟೆ. ನೀನು ಅದನ್ನು ಗಮನಿಸಲು ಎಂಟು ತಿಂಗಳು ತೆಗೆದುಕೊಂಡೆ ಎಂಬುದು ಬೇರೆ ಮಾತು.

ಇರಲಿ. ಒಂದೂವರೆ ಗಂಟೆಯಲ್ಲಿ ಮೂವತ್ತೆಂಟು ಪುಸ್ತಕ ಮುಗಿಸಿದೆ. ಪ್ರತಿ ಬಾಲಕ್ಕೂ ಕೆಂಪು ಸುತ್ತು ಹಾಕಿ, ‘ಇದೇನು? ಯಾರು ಕಲಿಸಿದ್ದು?’ ಎಂದು ಬರೆದೆ. ಮೂವತ್ತೆಂಟು ಸಲ! ಕೈ ನೋಯಲಿಲ್ಲವಾ? ಸಂತೋಷಕ್ಕೆ ಮಾಡುವ ಕೆಲಸದಲ್ಲಿ ಕೈ ನೋಯುವುದಿಲ್ಲ ಎಂದು ಕೇಳಿದ್ದೆ, ಕಂಡದ್ದು ಈಗ. ರೆಕಾರ್ಡಿನಲ್ಲಿ ನಾಲ್ಕು ಬರದಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನಿಯಮ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಅಂಕಪಟ್ಟಿ ಸೋಮವಾರ ನಿನ್ನ ಮೇಜಿನಿಂದ ಮೇಲಿನ ಕಚೇರಿಗೆ ಹೋಗುತ್ತದೆ. ಹಾಗೇ ಹೋಯಿತೆಂದರೆ ಇಡೀ ತರಗತಿ ಇನ್ನೊಂದು ವರ್ಷ ಒಂಬತ್ತರಲ್ಲೇ ಕೊಳೆಯಬೇಕು.

ನೀನು ಹೋದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ವಿಚಾರಣೆ ನಡೆಸಿದೆ. ಆ ಗೆರೆಗೆ ಒಬ್ಬ ‘ಕೋಶದ ಬಾಲ’ ಎಂದು ಹೆಸರಿಟ್ಟಿದ್ದ, ಒಬ್ಬಳು ‘ನರ’ ಅಂದಿದ್ದಳು. ಮುಂದಿನ ಬೆಂಚಿನ ಬೃಹಸ್ಪತಿ ಮಾತ್ರ ‘ಮೈಟೋಕಾಂಡ್ರಿಯಾ, ಉದ್ದನೆಯದು’ ಎಂದು ಬರೆದು ಅಡಿಗೆರೆ ಎಳೆದಿದ್ದ. ಪುಸ್ತಕದಲ್ಲಿ ಇಲ್ಲದ್ದನ್ನು ಯಾಕ್ರೋ ಬರೆದಿರಿ ಎಂದರೆ ಒಕ್ಕೊರಲಿನ ಉತ್ತರ: “ನೀವೇ ಹೇಳಿದ್ರಲ್ಲ ಮಿಸ್, ಕಂಡಿದ್ದನ್ನೇ ಬರೀರಿ ಅಂತ. ಕಾಣಿಸ್ತು, ಬರೆದ್ವಿ.”

ಆಗ ಬಾಗಿಲ ಬಳಿ ಬೀಕರು ಒರೆಸುತ್ತಿದ್ದ ನಮ್ಮ ಅಟೆಂಡರಣ್ಣ ಕೆಮ್ಮಿದ. ನಿನಗೆ ಗೊತ್ತಲ್ಲ, ಅವನು ಕೆಮ್ಮಿದರೆ ಯಾರದೋ ಗ್ರಹಚಾರ. ಸೂಕ್ಷ್ಮದರ್ಶಕದ ತಲೆಯಿಂದ ಐಪೀಸನ್ನು ಹೊರಗೆಳೆದು, ಅದರ ಮಸೂರವನ್ನು ತಿರುಚಿ ಬಿಚ್ಚಿ, ಒಳಗಿನ ಕೊಳವೆಯನ್ನು ಬೆಳಕಿಗೆ ಹಿಡಿದ. ಅಲ್ಲಿ ಅಂಚಿಗೆ ಗೋಂದಿನಲ್ಲಿ ಅಂಟಿಸಿದ ಒಂದು ಕೂದಲು! “ಇದು ದೊಡ್ಡ ಮಿಸ್ ಅಂಟಿಸಿದ್ದಲ್ವಾ ಮಿಸ್? ಇದರ ತುದೀಲಿ ಇರೋದೇ ಕೋಶಕೇಂದ್ರ ನೋಡ್ರೋ ಅಂತ ಹುಡುಗರಿಗೆ ತೋರಿಸೋಕೆ. ನಿಮಗೆ ಹೇಳಿರಲಿಲ್ವಾ?”

ಹೇಳಿರಲಿಲ್ಲ, ಅಕ್ಕ. ಶಾಲೆ ಬಿಡುವಾಗ ನೀನು ಹಾಜರಿ ಪುಸ್ತಕ ಒಪ್ಪಿಸಿದೆ, ಬೀರುವಿನ ಬೀಗದಕೈ ಒಪ್ಪಿಸಿದೆ, ಬಿರುದನ್ನು ಒಯ್ದೆ, ಕೂದಲನ್ನು ಬಿಟ್ಟುಹೋದೆ. ಐದು ವರ್ಷ ಹೊಸ ಸೂಕ್ಷ್ಮದರ್ಶಕ ನಮ್ಮನ್ನು ಕಾಪಾಡಿತು. ಈ ವರ್ಷ ಅದು ಕೈಕೊಟ್ಟು, ಬೀರುವಿನಲ್ಲಿದ್ದ ನಿನ್ನ ಕಾಲದ್ದು ಹೊರಬಂತು.

ಆ ಕೂದಲು ಯಾರದೆಂದು ಪತ್ತೆ ಹಚ್ಚಲು ತಜ್ಞರು ಬೇಕಿಲ್ಲ. ಕಪ್ಪಗಿದೆ, ದಪ್ಪಗಿದೆ, ಬಗ್ಗುವುದಿಲ್ಲ, ಎಲ್ಲರಿಗೂ ದಾರಿ ತೋರಿಸುತ್ತದೆ. ನಮ್ಮ ವಂಶದಲ್ಲಿ ಅಂಥದ್ದು ಒಂದೇ. ಅದನ್ನು ಮರೆತೇ ಅಂಕ ಕತ್ತರಿಸಿದೆಯಾ, ಗೊತ್ತಿದ್ದೂ ಕತ್ತರಿಸಿದೆಯಾ? ಮರೆತಿದ್ದರೆ ನಿನಗೆ ವಯಸ್ಸಾಯಿತು. ಗೊತ್ತಿದ್ದರೆ ಒಂದಿಷ್ಟೂ ವಯಸ್ಸಾಗಿಲ್ಲ, ಆಗ ಹೇಗಿದ್ದೆಯೋ ಹಾಗೇ ಇದ್ದೀಯ.

ಈಗ ನನ್ನ ಬೇಡಿಕೆ. ಮೂವತ್ತೆಂಟು ಪುಸ್ತಕಗಳನ್ನೂ ಆ ಐಪೀಸನ್ನೂ ಅಟೆಂಡರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ‘ಉಪಕರಣದ ದೋಷ’ ಎಂದು ಬರೆದು, ಶನಿವಾರದೊಳಗೆ ಅಂಕ ತಿದ್ದಿ ಕಳಿಸು. ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ನಾನೇ ಮೇಲಿನ ಕಚೇರಿಗೆ ಹೋಗಿ, ಪರೀಕ್ಷಕರ ತಲೆಯ ಮೇಲಿನದ್ದು ಮಕ್ಕಳ ಕೋಶದೊಳಗೆ ಹೇಗೆ ಬಂತೆಂದು ಸವಿಸ್ತಾರವಾಗಿ ವಿವರಿಸುತ್ತೇನೆ. ವಿವರಿಸುವುದರಲ್ಲಿ ನಾನು ನಿನ್ನದೇ ಶಿಷ್ಯೆ.

‘ನೀನು ಆ ಸೂಕ್ಷ್ಮದರ್ಶಕದಲ್ಲಿ ಒಂದು ಸಲವೂ ಇಣುಕಲಿಲ್ಲವೇನೇ?’ ಎಂದು ನೀನು ಕೇಳಿಯೇ ಕೇಳುತ್ತೀಯ, ಕಚೇರಿಯಲ್ಲಿ, ನಾಲ್ಕು ಜನರ ಎದುರು. ಆದ್ದರಿಂದ ಇಲ್ಲೇ ಬರೆದುಬಿಡುತ್ತೇನೆ. ಇಣುಕಿದೆ. ಪ್ರತಿ ವರ್ಷವೂ, ಯಾವ ಸೂಕ್ಷ್ಮದರ್ಶಕವಿದ್ದರೂ, ಇಣುಕುತ್ತೇನೆ. ನನಗೆ ಕಾಣುವುದು ಬೆಳ್ಳಗೆ ಒಂದು ಹೊಳಪು, ಅದರ ತುಂಬ ನನ್ನದೇ ರೆಪ್ಪೆಯ ಕೂದಲು. ಕಾಲೇಜಿನಲ್ಲಿ ನೀನು ನನಗಿಂತ ಎರಡು ವರ್ಷ ಮುಂದಿದ್ದೆ. ಮೊದಲ ಪ್ರಯೋಗದ ದಿನ ನನ್ನ ಕತ್ತು ಹಿಡಿದು ಬಗ್ಗಿಸಿ, “ಕಾಣಿಸ್ತಾ?” ಅಂದೆ. ನಿನ್ನ ದನಿಗೆ ಹೆದರಿ “ಕಾಣಿಸ್ತು” ಅಂದುಬಿಟ್ಟೆ. ಅಲ್ಲಿಂದ ಇಲ್ಲಿವರೆಗೆ ನನಗೆ ಎಲ್ಲವೂ ಕಾಣಿಸುತ್ತಲೇ ಇದೆ. ಪುಸ್ತಕದ ಚಿತ್ರ ನೋಡಿ ಕಲಿತೆ, ಅದನ್ನೇ ಬೋರ್ಡಿನ ಮೇಲೆ ಬರೆದು ಕಲಿಸಿದೆ. ಮಕ್ಕಳ ಚಿತ್ರಗಳಲ್ಲಿ ಗೆರೆ ಬಂದಾಗ, ಇಷ್ಟು ಜನರಿಗೆ ಕಂಡದ್ದು ನನ್ನೊಬ್ಬಳಿಗೆ ಕಾಣದಿದ್ದರೆ ದೋಷ ನನ್ನ ಕಣ್ಣಿನದೇ ಇರಬೇಕು ಎಂದುಕೊಂಡೆ. ಕೇಳೋಣವೆಂದರೆ ಕೇಳಬಹುದಾದವಳು ನೀನೊಬ್ಬಳೇ. ನಿನ್ನನ್ನು ಕೇಳುವ ಬದಲು ಎಲ್ಲದಕ್ಕೂ ಸರಿ ಗುರುತು ಹಾಕಿದೆ.

ನಗಬೇಕೆನಿಸಿದರೆ ನಗು. ಆದರೆ ಮೊದಲು ಅಂಕ ತಿದ್ದಿ, ಆಮೇಲೆ ನಗು. ಇದನ್ನು ರಾಜಿಯ ಪತ್ರವೆಂದು ತಿಳಿಯಬೇಡ. ಮಾತು ಬಿಟ್ಟಿದ್ದು ಬಿಟ್ಟಹಾಗೇ ಇರುತ್ತದೆ.

ಇಂತಿ,
ನಿನ್ನ ಕುರ್ಚಿಯಲ್ಲಿ ಇನ್ನೂ ಪೂರ್ತಿ ಕೂರದ,
ಚಿಕ್ಕ ಮಿಸ್

ತಾ.ಕ.: ಮೂವತ್ತೆಂಟು ಮಕ್ಕಳೂ ಆ ಅಂಗವನ್ನು ಕಂಡುಹಿಡಿದರೆಂದು ಮೇಲೆ ಬರೆದದ್ದು ಸುಳ್ಳು. ತಾವಾಗಿ ಗೆರೆ ಬರೆದವರು ಮೂವತ್ತೇಳು ಮಕ್ಕಳು. ಕೊನೆಯ ಬೆಂಚಿನಲ್ಲಿ ಮಾತೇ ಆಡದ ಹುಡುಗಿಯೊಬ್ಬಳು ಕೂರುತ್ತಾಳೆ, ಅವಳು ಬರೆದಿರಲಿಲ್ಲ. ನೀನು ಬರುವ ಹಿಂದಿನ ದಿನ ಅವಳನ್ನು ಕರೆದು ಕೇಳಿದೆ. “ಅದು ಅಲ್ಲಾಡಲ್ಲ ಮಿಸ್. ಸ್ಲೈಡ್ ಸರಿಸಿದ್ರೂ ಅಲ್ಲೇ ಇರುತ್ತೆ. ಅದು ಕೋಶದ್ದಲ್ಲ” ಅಂದಳು. ಎಲ್ಲರ ಪುಸ್ತಕದಲ್ಲೂ ಇದ್ದು ಇವಳದರಲ್ಲಿ ಮಾತ್ರ ಇಲ್ಲದಿದ್ದರೆ ನೀನು ಏನನ್ನುತ್ತೀಯೋ ಎಂಬ ಭಯದಲ್ಲಿ, ನನ್ನೆದುರೇ ಕೂರಿಸಿಕೊಂಡು ಆ ಗೆರೆ ಎಳೆಸಿದೆ. ಅವಳ ಪುಸ್ತಕ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲಿದೆ. ಗೆರೆಯನ್ನು ಒತ್ತಿ ಎಳೆದಿದ್ದಾಳೆ, ಹಾಳೆಯ ಹಿಂಬದಿಯಲ್ಲೂ ಬೆರಳಿಗೆ ಸಿಗುತ್ತದೆ. ಅಂಕ ತಿದ್ದುವಾಗ ಆ ಚಿತ್ರದ ಕೆಳಗೆ, ‘ನೀನು ಮೊದಲು ಬರೆದದ್ದೇ ಸರಿ’ ಎಂದು ಒಂದು ಸಾಲು ಬರೆದು ನಿನ್ನ ಸಹಿ ಹಾಕು. ನಾನು ಬರೆದರೆ ಅವಳು ನಂಬುವುದಿಲ್ಲ. ಕೆಂಪು ಪೆನ್ನು ಬೇಡ.