ಉದ್ಘಾಟನೆಯಾಗದ ಜಾರುಬಂಡೆ

ಅಂಗನವಾಡಿಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರ ಅಂಗನವಾಡಿಯ ಅಂಗಳದ ಬೀಗ ತೆಗೆಸಿ. ವಿಷಯ ಇಷ್ಟೇ. ಹೊಸ ಕಟ್ಟಡದ ಮುಂದೆ ನೀವೇ ಹಾಕಿಸಿದ ಜಾರುಬಂಡೆ, ಉಯ್ಯಾಲೆ, ಏರಿಳಿಯುವ ಹಲಗೆ ಎಲ್ಲವೂ ಬಂದ ದಿನದ ಪ್ಲಾಸ್ಟಿಕ್ಕಿನ ಚಿಂದಿ ಸುತ್ತಿಕೊಂಡೇ ತಂತಿಬೇಲಿಯೊಳಗೆ ನಿಂತಿವೆ. ಉದ್ಘಾಟನೆ ಆಗಿಲ್ಲವಂತೆ. ಆಗುವ ತನಕ ಮಕ್ಕಳು ಮುಟ್ಟಬಾರದಂತೆ. ಇತ್ತ ಒಳಗೆ ಕೂತ ಮಕ್ಕಳು ಆಟವಿಲ್ಲದೆ ಹಸಿವನ್ನೇ ಮರೆತಿದ್ದಾರೆ. ಅವರಲ್ಲಿ ನನ್ನ ಮೊಮ್ಮಗಳು ನೂರ್ ಫಾತಿಮಾಳೂ ಒಬ್ಬಳು. ಮಕ್ಕಳ ತೋಳಿಗೆ ಸುತ್ತಿ ನೋಡುವ ಅಳತೆಪಟ್ಟಿ ಅವಳ ಪಾಲಿಗೆ ಹಸಿರಿನಿಂದ ಹಳದಿಗೆ ಬಂದಿದೆ. ಇದಕ್ಕೆ ನಿಮ್ಮ ಕಚೇರಿಯಲ್ಲಿ ಏನು ಹೆಸರೋ ಕಾಣೆ, ನಮ್ಮ ಮನೆಯಲ್ಲಿ ಮಗು ಇಳಿದುಹೋಗುತ್ತಿದೆ ಎನ್ನುತ್ತೇವೆ.

ನಾನು ಸರ್ಕಾರಿ ಕಚೇರಿಯೊಂದರ ಎದುರು ಹುಣಸೆ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆಯುವವನು. ಖಾತೆ ಬದಲಾವಣೆ, ವಿಧವಾ ವೇತನ, ಪಂಪ್‌ಸೆಟ್ಟಿನ ಕರೆಂಟು, ಗದ್ದೆಗೆ ಹೋಗುವ ದಾರಿಯ ತಕರಾರು, ಕಿರಂಗೂರಿನಿಂದ ಬೂಕನಕೆರೆಯವರೆಗಿನ ಜನ ತಮ್ಮ ಕಷ್ಟವನ್ನು ನನ್ನ ಮೇಜಿನ ಮೇಲೆ ಸುರಿಯುತ್ತಾರೆ. ನಾನು ಅದಕ್ಕೆ 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಎಂದು ತಲೆಕಟ್ಟು ಹಾಕಿ ಕೊಡುತ್ತೇನೆ. ಅರ್ಧ ಆಯಸ್ಸು ಹೀಗೇ ಕಳೆದಿದೆ. ಯಾವ ಮಾತಿಗೆ ಅಧಿಕಾರಿಗಳು ಕರಗುತ್ತಾರೆ, ಯಾವ ಮಾತಿಗೆ ಉರಿದುಬೀಳುತ್ತಾರೆ ಎಂಬುದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ನನ್ನದೇ ಅರ್ಜಿ ನಿಮ್ಮ ಕಚೇರಿಯಿಂದ ಹೊರಬಂದ ರೀತಿ ನೋಡಿ ಆ ಜಂಬ ಇಳಿಯಿತು. ಅದಕ್ಕೇ ಈಗ ಪತ್ರಿಕೆಯಲ್ಲಿ, ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ನಮ್ಮ ಊರು ಯಾವುದು ಎಂದು ನಾನು ಹೇಳಬೇಕಾಗಿಲ್ಲ, ನೀವು ಸಹಿ ಮಾಡಿದ ನೋಟಿಸಿನಲ್ಲೇ ಅದರ ಹೆಸರಿದೆ. ನೋಟಿಸಿನ ವಿಚಾರ ಮುಂದೆ ಬರುತ್ತದೆ.

ಮೊದಲು ಮನೆಯ ವಿಚಾರ. ನನ್ನ ಹೆಂಡತಿ ರೆಹಮತುನ್ನೀಸಾ ಹೋದ ವರ್ಷ ತೀರಿಕೊಂಡಳು. ಮಗಳು ಸುಮಯ್ಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬೆಳಕು ಹರಿಯುವ ಮುಂಚೆ ಫ್ಯಾಕ್ಟರಿ ಬಸ್ಸು ಬಂದು ಹಾರ್ನ್ ಹೊಡೆದರೆ ಮಗುವಿನ ಹಣೆ ಮುಟ್ಟಿ ಓಡುತ್ತಾಳೆ, ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಅಳಿಯ ಲಾರಿ ಡ್ರೈವರು, ಅವನ ಊಟ ಯಾವ ರಾಜ್ಯದಲ್ಲೋ. ಹಾಗಾಗಿ ನಾಲ್ಕು ವರ್ಷದ ನೂರ್ ಫಾತಿಮಾಳನ್ನು ಎಬ್ಬಿಸಿ, ತಲೆ ಬಾಚಿ, ಅಂಗನವಾಡಿಗೆ ಬಿಟ್ಟು, ಸಂಜೆ ಕರೆತರುವವನು ನಾನೇ. ಅವಳು ನನ್ನನ್ನು ನಾನಾ ಎಂದು ಕರೆಯುತ್ತಾಳೆ. ಸುಮಯ್ಯ ಬರುವವರೆಗೆ ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಮಾತಾಡುವುದು ಫ್ರಿಜ್ಜು ಒಂದೇ. ರೆಹಮತ್ ಇದ್ದಾಗ ಮನೆ ಇಷ್ಟು ದೊಡ್ಡದಿದೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ಈಗ ತಟ್ಟೆ ಹಾಕಿಕೊಂಡು ಎದುರುಬದುರು ಕೂರುತ್ತೇವೆ. ನಾನು ಅವಳ ಮುಖ ನೋಡುತ್ತೇನೆ, ಅವಳು ತಟ್ಟೆ ನೋಡುತ್ತಾಳೆ. ಖಿಚಡಿ ಆರಿಹೋಗುತ್ತದೆ. "ಭೂಕ್ ನೈ ನಾನಾ" ಎನ್ನುತ್ತಾಳೆ. ಹಸಿವಿಲ್ಲ ಎನ್ನುವ ಮಗುವಿನ ಮುಂದೆ ಒಬ್ಬನೇ ಕೂತು ಉಣ್ಣುವುದು ಎಂಥ ಶಿಕ್ಷೆ ಎಂಬುದು ಅನುಭವಿಸಿದವರಿಗೇ ಗೊತ್ತು. ನಾನೂ ತಟ್ಟೆ ಮುಚ್ಚಿಡುತ್ತೇನೆ.

ಆದರೆ ಮಾನ್ಯರೇ, ಈ ಹುಡುಗಿ ಹುಟ್ಟಾ ಉಣ್ಣದವಳಲ್ಲ. ಹಳೆಯ ಅಂಗನವಾಡಿ ಊರೊಳಗೆ, ಯುವಕ ಸಂಘದ ಹೆಂಚಿನ ಕೊಠಡಿಯಲ್ಲಿತ್ತು. ಮಳೆ ಬಂದರೆ ಸೋರುತ್ತಿತ್ತು, ಒಪ್ಪುತ್ತೇನೆ. ಮುಂದೆ ಮಾತ್ರ ವಿಶಾಲವಾದ ಬಯಲು, ಬಯಲಿನ ಆ ಕೊನೆಗೆ ಅರಳಿಕಟ್ಟೆ. ಅಲ್ಲಿನ ಸಹಾಯಕಿ ಪುಟ್ಟತಾಯಮ್ಮನದು ಒಂದು ಪದ್ಧತಿ. ಒಲೆಯ ಮೇಲೆ ಅನ್ನಕ್ಕಿಟ್ಟ ಕೂಡಲೇ ಮಕ್ಕಳನ್ನೆಲ್ಲ ಹೊರಗೆ ಅಟ್ಟುತ್ತಿದ್ದಳು. ಅರಳಿಕಟ್ಟೆ ಮುಟ್ಟಿಕೊಂಡು ಬರಬೇಕು, ಮತ್ತೆ ಹೋಗಬೇಕು, ಅನ್ನ ಬೇಯುವವರೆಗೆ ಅದೇ ಕೆಲಸ. ಬೆಂದ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕುತ್ತಿಗೆಯನ್ನೂ ಮುಟ್ಟಿ ನೋಡುವಳು. ಬೆವರಿದ್ದರೆ ಒಳಗೆ, ಇಲ್ಲದಿದ್ದರೆ ಇನ್ನೊಂದು ಸಲ ಕಟ್ಟೆಗೆ. ಕಳ್ಳಾಟ ಆಡುವ ಮಕ್ಕಳು ನಲ್ಲಿ ನೀರನ್ನು ಕುತ್ತಿಗೆಗೆ ಬಳಿದುಕೊಂಡು ಬರುತ್ತಿದ್ದರು, ಅವಳಿಂದ ಕಿವಿ ಹಿಂಡಿಸಿಕೊಳ್ಳುತ್ತಿದ್ದರು. ಬಡಿಸಿದ ಅನ್ನ, ಸಾಂಬಾರು, ಮೊಳಕೆಕಾಳು ಯಾವುದೂ ತಟ್ಟೆಯಲ್ಲಿ ಉಳಿಯುತ್ತಿರಲಿಲ್ಲ. ನೂರ್ ಫಾತಿಮಾ ಪಕ್ಕದವರ ತಟ್ಟೆಗೂ ಕೈ ಹಾಕುತ್ತಿದ್ದಳೆಂದು ದೂರು ಬಂದಿತ್ತು. ಆ ದೂರಿಗೆ ರೆಹಮತ್ ಮೂರು ಬೀದಿಗೆ ಕೇಳುವ ಹಾಗೆ ನಕ್ಕಿದ್ದಳು.

ಆಮೇಲೆ ಅಭಿವೃದ್ಧಿ ಬಂತು. ಊರಾಚೆ ಮುಖ್ಯ ರಸ್ತೆಯ ಅಂಚಿಗೆ ಹೊಸ ಕಟ್ಟಡ, ಗೋಡೆಗೆ ಚಿಟ್ಟೆ, ನವಿಲು, ನಗುವ ಸೂರ್ಯ. ಕಬ್ಬಿನ ಟ್ರಾಕ್ಟರುಗಳು ಎರಡೆರಡು ಟ್ರೈಲರು ಎಳೆದುಕೊಂಡು ಹೋಗುವ ರಸ್ತೆ ಅದು, ಮಕ್ಕಳನ್ನು ಹೊರಗೆ ಬಿಡುವ ಮಾತೇ ಇಲ್ಲ. ಅದಕ್ಕೆಂದೇ ಅಂಗಳಕ್ಕೆ ಬೇಲಿ ಹಾಕಿ ಆಟದ ಸಾಮಾನು ನಿಲ್ಲಿಸಿದಿರಿ. ಒಳ್ಳೆಯ ಯೋಚನೆ, ನಾವು ಕೈಮುಗಿದೆವು. ಆದರೆ ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುವ ಹಾಗೆ, ಸಾಮಾನು ಬಂದ ಮಾರನೇ ದಿನವೇ ಬೀಗ ಬಂತು. ಉದ್ಘಾಟನೆಗೆ ಕಲ್ಲು ಕೆತ್ತಿಸಬೇಕಿತ್ತು. ಮೊದಲ ಕಲ್ಲಿನಲ್ಲಿ ಯಾರದೋ ಹೆಸರು ಇರಬೇಕಾದ ಸಾಲಿಗಿಂತ ಒಂದು ಸಾಲು ಕೆಳಗೆ ಬಂತು, ಶಿಷ್ಟಾಚಾರ ಕೆಟ್ಟಿತು. ಎರಡನೆಯ ಕಲ್ಲು ಬರುವಷ್ಟರಲ್ಲಿ ಆ ಹುದ್ದೆಯಲ್ಲಿದ್ದವರೇ ಬದಲಾದರು. ಮೂರನೆಯ ಕಲ್ಲಿಗೆ ತಾರೀಕು ಸಿಕ್ಕಿಲ್ಲ. ಕಲ್ಲುಗಳೆರಡೂ ಅಂಗನವಾಡಿಯ ಬಚ್ಚಲಲ್ಲಿ ಬೋರಲು ಬಿದ್ದಿವೆ, ಮಕ್ಕಳು ಅವುಗಳ ಮೇಲೆ ಕೂತು ಕಾಲು ತೊಳೆಯುತ್ತಾರೆ. ಇಷ್ಟು ದಿನಗಳಲ್ಲಿ ಆ ಗಣ್ಯರಿಂದ ಮಕ್ಕಳಿಗಾದ ಉಪಕಾರ ಅದೊಂದೇ.

ಹಾಗಾದರೆ ಒಳಗೆ ಮಕ್ಕಳು ಏನು ಮಾಡುತ್ತಾರೆ? ಕೂರುತ್ತಾರೆ. ಪುಟ್ಟ ಪುಟ್ಟ ಕುರ್ಚಿಗಳು ಬಂದಿವೆ, ಅವುಗಳ ಮೇಲೆ ಕೂರುತ್ತಾರೆ. ಹಾಜರಿಗೆ, ಊಟಕ್ಕೆ ಎಲ್ಲಕ್ಕೂ ಫೋನಿನಲ್ಲಿ ಫೋಟೋ ತೆಗೆಯಬೇಕಲ್ಲ, ಟೀಚರ್ ಪ್ರಮೀಳಾ ಫೋನು ಹಿಡಿದು ನಿಂತಿರುತ್ತಾರೆ. ಮಗು ಅಲುಗಾಡಿದರೆ ಫೋಟೋ ಕೆಡುತ್ತದೆ. ನೆಟ್‌ವರ್ಕ್ ಬರುವವರೆಗೆ ಬಡಿಸಿದ ತಟ್ಟೆ ಮುಂದಿಟ್ಟುಕೊಂಡು ಹಾಗೇ ಇರಬೇಕು. ಮೂರು ನಾಲ್ಕು ವರ್ಷದ ಮಕ್ಕಳು ಅಲುಗಾಡದೆ ಕೂತಿರುವ ಚಿತ್ರಗಳು ನಿಮ್ಮ ಕಂಪ್ಯೂಟರಿನಲ್ಲಿ ಸಾಲಾಗಿ ಬರುತ್ತವೆ. ಅವನ್ನು ನೋಡಿ ನಿಮಗೆ ಒಮ್ಮೆಯೂ ಅನುಮಾನ ಬರಲಿಲ್ಲವೇ? ಈ ವಯಸ್ಸಿನ ಮಗು ಅಲುಗಾಡದೆ ಕೂತರೆ ನಮ್ಮ ಕಡೆ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಾರೆ.

ಹಸಿದವನಿಗೆ ರುಚಿ ಬೇಡ ಎನ್ನುತ್ತಾರೆ. ಹಸಿವೇ ಇಲ್ಲದವನಿಗೆ ಯಾವ ರುಚಿ ತಂದು ಸುರಿದರೆ ಏನು? ನೀವು ಮೊಟ್ಟೆ ಕೊಡುತ್ತೀರಿ, ಹಾಲು ಕೊಡುತ್ತೀರಿ, ಪೌಷ್ಟಿಕ ಪುಡಿ ಕೊಡುತ್ತೀರಿ. ಕೊಡುವುದರಲ್ಲಿ ನಿಮ್ಮದೇನೂ ತಪ್ಪಿಲ್ಲ. ಆದರೆ ಅದನ್ನು ಬಾಯಿಗೆ ಕರೆದುಕೊಂಡು ಹೋಗುವ ಹಸಿವಿಗೆ ಬೀಗ ಹಾಕಿದ್ದೀರಿ. ಇದನ್ನೇ ನಾನು ವಿನಯದಿಂದ ಅರ್ಜಿ ಬರೆದು ಕೊಟ್ಟೆ. 'ಪೋಷಕರಲ್ಲಿ ಪೌಷ್ಟಿಕತೆಯ ಬಗ್ಗೆ ಅರಿವು ಮೂಡಿಸಲಾಗುವುದು' ಎಂದು ಉತ್ತರ ಬಂತು. ನುಡಿದಂತೆ ನಡೆದಿರಿ. ಶಾಮಿಯಾನ ಹಾಕಿ, ತರಕಾರಿಯಲ್ಲೇ ರಂಗೋಲಿ ಬಿಟ್ಟು, ಮೈಕಿನಲ್ಲಿ ನಮಗೆ ನುಗ್ಗೆಸೊಪ್ಪಿನ ಮಹತ್ವ ತಿಳಿಸಿದಿರಿ. ಭಾಷಣ ಮುಗಿಯುವವರೆಗೆ ಮಕ್ಕಳು ರಂಗೋಲಿಯ ಕ್ಯಾರೆಟ್ಟು ಮುಟ್ಟದ ಹಾಗೆ ಕಾಯಲು ಒಬ್ಬ ಆಯಾಳನ್ನು ನಿಲ್ಲಿಸಿದ್ದಿರಿ.

ಅಂದೇ ನಿಮ್ಮ ಮೇಲ್ವಿಚಾರಕಿಯೊಬ್ಬರು ನೂರ್ ಫಾತಿಮಾಳ ತೋಳಿಗೆ ಪಟ್ಟಿ ಸುತ್ತಿ, ನನ್ನ ಕಡೆ ತಿರುಗಿ, "ಮನೇಲಿ ಹೆಂಗಸ್ರು ಯಾರೂ ಇಲ್ವಾ?" ಎಂದರು. ಊರವರೆಲ್ಲ ಇದ್ದರು. ನಾನು ಹಗಲು ಯಾರೂ ಇಲ್ಲ ಎಂದೆ. ಅವರು ಏನೋ ಬರೆದುಕೊಂಡರು. ಆ ಪ್ರಶ್ನೆಯನ್ನು ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಗೊತ್ತು. ಆದರೆ ಮಗುವಿನ ತೂಕ ಇಳಿದದ್ದಕ್ಕೆ ನನ್ನ ರೆಹಮತ್ ಸತ್ತದ್ದೇ ಕಾರಣ ಎಂದು ಅಲ್ಲಿಗೆ ತೀರ್ಮಾನವಾಯಿತು. ಅವಳ ಬಗ್ಗೆ ನನಗೆ ಒಂದು ವರ್ಷದಿಂದ ಯಾರ ಹತ್ತಿರವೂ ಅಳಲು ಆಗಿರಲಿಲ್ಲ, ಆವತ್ತು ಶಾಮಿಯಾನದ ಕಂಬ ಹಿಡಿದುಕೊಂಡು ನಿಂತೆ. ಅಂಗಳದ ಬೀಗದ ಬಗ್ಗೆ ಯಾರೂ ಏನೂ ಬರೆದುಕೊಳ್ಳಲಿಲ್ಲ.

ಇನ್ನು ನೋಟಿಸಿನ ವಿಚಾರ. ಅದಾದ ಕೆಲವು ದಿನಕ್ಕೆ ಪುಟ್ಟತಾಯಮ್ಮ ಒಂದು ಬೆಳಿಗ್ಗೆ ಅನ್ನಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳದ ಬೀಗ ತೆಗೆದುಬಿಟ್ಟಳು. ಪ್ರಮೀಳಾ ಬೇಡವೆನ್ನಲಿಲ್ಲ, ಕಿಟಕಿಯಿಂದ ನೋಡುತ್ತ ನಿಂತರಂತೆ. ಮಕ್ಕಳು ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಹರಿದರಂತೆ. ಸಂಜೆ ನಾನು ಹೋದಾಗ ನೂರ್ ಫಾತಿಮಾಳ ಕೂದಲಲ್ಲಿ ಮಣ್ಣು, ಲಂಗದ ಹಿಂಭಾಗ ಸವೆದು ಜಾಳಾಗಿತ್ತು. ಪುಟ್ಟತಾಯಮ್ಮ ಬಾಗಿಲಲ್ಲೇ ಹೇಳಿದಳು, "ಎಲ್ಡ್ ಸಲ ಅನ್ನ ಆಕುಸ್ಕಂಡ್ಳು ಕಣಣ್ಣ. ಮೊಟ್ಟೆನೂವೆ ಪೂರ್ತಿ ತಿಂದವ್ಳೆ." ಗಾಡಿಯಲ್ಲಿ ಮನೆಗೆ ಬರುವಾಗ ಮಗು ನನ್ನ ಬೆನ್ನಿಗೆ ಒರಗಿ, ದೂರದಲ್ಲಿ ಕಾಣುವ ಕರಿಘಟ್ಟದ ಬೆಟ್ಟವೂ ಜಾರುಬಂಡೆಯೇ ಎಂದು ಕೇಳಿದಳು. ಹೌದು ಎಂದೆ. ಅಂದು ನಾವಿಬ್ಬರೂ ಒಟ್ಟಿಗೆ ಉಂಡೆವು.

ಆ ಆಟ ಒಂದೇ ವಾರ. ತಪಾಸಣೆಗೆ ಬಂದವರು ಜಾರುಬಂಡೆಯ ಬಣ್ಣಕ್ಕೆ ಗೀರು ಬಿದ್ದಿರುವುದನ್ನು ಕಂಡು ಮತ್ತೆ ಬೀಗ ಹಾಕಿಸಿದರು. ಉದ್ಘಾಟನೆಗೆ ಮುನ್ನವೇ ಸರ್ಕಾರಿ ಸ್ವತ್ತನ್ನು ಅನಧಿಕೃತವಾಗಿ ಬಳಸಿದ್ದಕ್ಕೆ ಕಾರಣ ಕೇಳಿ ಪ್ರಮೀಳಾಗೆ ನಿಮ್ಮ ನೋಟಿಸು ಬಂತು. ಜಾರುಬಂಡೆಯನ್ನು ಜಾರುವುದಕ್ಕೆ ಬಳಸಿದ್ದು ಅಪರಾಧ. ಅವರು ಆ ಕಾಗದ ಹಿಡಿದುಕೊಂಡು ಬಂದದ್ದು ನನ್ನ ಹುಣಸೆ ಮರದ ಕೆಳಗೇ. ಜೊತೆಗೆ ಪುಟ್ಟತಾಯಮ್ಮನೂ ಇದ್ದಳು.

ಪುಟ್ಟತಾಯಮ್ಮ ಮೊದಲು ಬಾಯಿಬಿಟ್ಟಳು. "ಬೀಗ ತೆಗ್ದೋಳು ನಾನು ಅಂತ ಬರೀರಿ ಸರ್ದಾರಣ್ಣ. ನನ್ನೇ ಮನ್ಗೆ ಕಳಿಸ್ಲಿ."

ಪ್ರಮೀಳಾ ಅವಳ ಕೈ ಹಿಡಿದುಕೊಂಡು ನನಗೆ ಹೇಳಿದರು, "ಅಂಗೆಲ್ಲ ಬರೀಬ್ಯಾಡಿ ಅಣ್ಣ. ತಪ್ಪಾಯ್ತು, ಇನ್ಮೇಲೆ ಮಕ್ಕಳನ್ನ ಆಟಕ್ಕೆ ಬುಡಕಿಲ್ಲ ಅಂತ ಬರ್ಕೊಡಿ ಸಾಕು."

ಬರೆದುಕೊಟ್ಟೆ. 'ಮಕ್ಕಳನ್ನು ಆಟವಾಡಲು ಬಿಟ್ಟಿದ್ದಕ್ಕಾಗಿ ಕ್ಷಮೆ ಕೋರುತ್ತೇನೆ, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ.' ಕೊಲೆ ಕೇಸಿನವರಿಗೂ ನಾನು ಅರ್ಜಿ ಬರೆದಿದ್ದೇನೆ ಮಾನ್ಯರೇ, ಇಂಥ ವಾಕ್ಯ ಬರೆದಿರಲಿಲ್ಲ. ಅದರಲ್ಲಿ ನನ್ನ ಮೊಮ್ಮಗಳ ಹಸಿವೂ ಇತ್ತು. ನೀವು ಅದನ್ನು ಓದಿ ಸಮಾಧಾನಪಟ್ಟಿರಿ ಎಂದು ಕೇಳಿದೆ. ಸುಮಯ್ಯಳಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ದಿನವೆಲ್ಲ ಮಿಷನ್ ತುಳಿದು ಬಂದವಳಿಗೆ ಏನು ಹೇಳುವುದು? ಬೇರೆ ಯಾರಿಗಾದರೂ ಹೇಳೋಣವೆಂದರೆ ಮನೆಯಲ್ಲಿ ಇನ್ಯಾರಿದ್ದಾರೆ?

ಬರುವ ತಿಂಗಳು ಮತ್ತೆ ತೂಕ, ತೋಳಿನ ಅಳತೆ ನೋಡುತ್ತಾರೆ. ಪಟ್ಟಿ ಹಳದಿಯಿಂದ ಕೆಂಪಿಗೆ ಇಳಿದರೆ ಮಗುವನ್ನು ದೊಡ್ಡಾಸ್ಪತ್ರೆಯ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು, ತಾಯಿ ಜೊತೆಯಲ್ಲೇ ಇರಬೇಕು ಎಂದು ಪ್ರಮೀಳಾ ತಲೆ ತಗ್ಗಿಸಿಕೊಂಡು ಹೇಳಿದ್ದಾರೆ. ಸುಮಯ್ಯ ಅಷ್ಟು ದಿನ ರಜೆ ಹಾಕಿದರೆ ಅವಳ ಮಿಷನ್ನಿನ ಮುಂದೆ ಬೇರೆ ಹುಡುಗಿ ಕೂತಿರುತ್ತಾಳೆ. ಆಸ್ಪತ್ರೆ ಒಳ್ಳೆಯದೇ ಇರಬಹುದು, ಅಲ್ಲಿನವರು ಅಕ್ಕರೆಯಿಂದ ನೋಡಿಕೊಳ್ಳಬಹುದು. ಆದರೆ ಹಾಸಿಗೆಯ ಮೇಲೆ ಮಲಗಿಸಿ ವಾಸಿ ಮಾಡುವ ಕಾಯಿಲೆಯೇ ಇದು? ಬಾಗಿಲ ಮುಂದೆಯೇ ಇರುವ ಔಷಧಿಗೆ ಬೀಗ ಹಾಕಿ, ಮಗುವನ್ನು ಜಿಲ್ಲೆಯ ಆ ತುದಿಗೆ ಕಳಿಸುವ ಈ ಜಾಣತನ ಯಾರದು?

ನಾನು ಕೇಳುವುದು ಹೆಚ್ಚಿನದಲ್ಲ. ತೂಕದ ದಿನಕ್ಕೆ ಮುಂಚೆ ಬೀಗ ತೆಗೆಸಿ. ದಿನವೂ ಊಟಕ್ಕೆ ಮುಂಚೆ ಮಕ್ಕಳನ್ನು ಅಂಗಳಕ್ಕೆ ಬಿಡಬೇಕೆಂದು ಲಿಖಿತ ಆದೇಶ ಕೊಡಿ, ಆಗ ಯಾವ ಟೀಚರೂ ಹೆದರುವುದಿಲ್ಲ. ಪ್ರಮೀಳಾಗೆ ಕೊಟ್ಟ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಕಲ್ಲು ಆಮೇಲೆ ಕೆತ್ತಿಸಿ, ಯಾರ ಹೆಸರು ಮೇಲಿದ್ದರೂ ನಮ್ಮ ತಕರಾರಿಲ್ಲ. ಗಣ್ಯರು ಬಂದ ದಿನ ಹೊಸ ಬಣ್ಣ ಬಳಿಸೋಣ, ಟೇಪೂ ಕಟ್ಟೋಣ, ಬೇಕಾದರೆ ಮಕ್ಕಳನ್ನು ಅಲುಗಾಡದೆ ನಿಲ್ಲಿಸಿಯೂ ಕೊಡೋಣ.

ಆಗುವುದಿಲ್ಲ ಎನ್ನುವುದಾದರೆ ಇದನ್ನೂ ತಿಳಿದಿರಿ. ಬರುವ ಸೋಮವಾರ ಪುಟ್ಟತಾಯಮ್ಮ ಅನ್ನಕ್ಕಿಡುವ ಹೊತ್ತಿಗೆ ಆ ಬೀಗವನ್ನು ನಾನು ಒಡೆಯುತ್ತೇನೆ. ಟೀಚರಿಗೂ ಸಹಾಯಕಿಗೂ ಇದರಲ್ಲಿ ಏನೂ ಸಂಬಂಧವಿಲ್ಲ, ಅವರಿಗೆ ತಿಳಿಸಿಯೂ ಇಲ್ಲ, ಅವರೂ ಇದನ್ನು ನಿಮ್ಮ ಜೊತೆಯಲ್ಲೇ ಓದುತ್ತಿದ್ದಾರೆ. ನೋಟಿಸು ನನ್ನ ಹೆಸರಿಗೆ ಬರಲಿ. ಉತ್ತರ ಬರೆಯುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು, ಆದರೆ ಈ ಸಲ ಅದರಲ್ಲಿ ಕ್ಷಮೆ ಇರುವುದಿಲ್ಲ. ಆ ಮಧ್ಯಾಹ್ನ ನನ್ನ ಮೊಮ್ಮಗಳು ಉಂಡಿರುತ್ತಾಳೆ.

ಇಂತಿ,
'ತಮ್ಮ ವಿಧೇಯ' ಎಂದು ಸಾವಿರ ಜನರ ಪರವಾಗಿ ಬರೆದು, ತನ್ನ ಸರದಿ ಬಂದಾಗ ಕೈ ಬಾರದ
ಸರ್ದಾರ್ ಪಾಷಾ,
ನೂರ್ ಫಾತಿಮಾಳ ನಾನಾ