ಫೋನು ನುಂಗಿದ ಖಾಲಿ ಮನೆ

ಕುಷ್ಟಗಿ
ಜನವರಿ ಹದಿನೈದು

ಪ್ರೀತಿಯ ರೇಣಿ,

ಇನ್ನು ನಾಲ್ಕು ದಿನಕ್ಕೆ ನಿನ್ನ ನಲವತ್ತನೆಯ ಹುಟ್ಟುಹಬ್ಬ. ನಿನ್ನ ಮಗಳು ರಂಜಿತಾ ಆಗಲೇ ಎರಡು ಸಲ ಫೋನ್ ಮಾಡಿ, "ಗುಲ್ಶನ್ ಆಂಟಿ, ಕೇಕ್ ನೀವ ತರ್ರಿ, ಹಿಟ್ನಾಳದಾಗ ನಮಗ ಬೇಕಾದ್ದು ಸಿಗಂಗಿಲ್ಲ" ಎಂದು ತಾಕೀತು ಮಾಡಿದ್ದಾಳೆ. ತರುತ್ತೇನೆ. ಆದರೆ ಕೇಕಿಗಿಂತ ಮೊದಲು ಈ ಪತ್ರ ನಿನ್ನ ಕೈ ಸೇರಬೇಕು. ಫೋನಿನಲ್ಲೇ ಹೇಳಿಬಿಡೋಣ ಎಂದು ಮೂರು ದಿನ ನೋಡಿದೆ. ನೀನು ಹಲೋ ಅಂದ ಕೂಡಲೇ ನನ್ನ ಮಾತು ಮೊಣಕಾಲು ನೋವು, ಬದನೆಕಾಯಿ, ನಿನ್ನ ಅಂಗನವಾಡಿಯ ಮೊಟ್ಟೆ ಅಂತ ಬೇರೆಯೇ ದಾರಿ ಹಿಡಿಯುತ್ತಿತ್ತು. ಆದ್ದರಿಂದ ಪೆನ್ನು ಹಿಡಿದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಜನವರಿ ಹತ್ತೊಂಬತ್ತು ನೀನು ಹುಟ್ಟಿದ ದಿನ ಅಲ್ಲ. ಆ ತಪ್ಪು ದಿನವನ್ನು ನಿನಗೆ ಕೊಟ್ಟವಳು ನಾನು. ಸಿಟ್ಟು ಬಂದರೆ ಎದ್ದು ಒಂದು ತಂಬಿಗೆ ನೀರು ಕುಡಿದು ಬಾ, ಆಮೇಲೆ ಮುಂದೆ ಓದು.

ನಮ್ಮ ಸಾಲಿ ನೆನಪಿದೆಯಲ್ಲ. ಹೆಡ್‌ಮಾಸ್ತರರು ಹೆಸರು ಹಚ್ಚಿಕೊಳ್ಳುವಾಗ ಎಲ್ಲರಿಗೂ ಜೂನ್ ಒಂದು ಎಂದೇ ಬರೆದರು. ಇಪ್ಪತ್ತೇಳು ಮಕ್ಕಳು, ಎಲ್ಲರೂ ಒಂದೇ ದಿನ ಹುಟ್ಟಿದವರು. ಕಾಗದದ ಮೇಲೆ ನನಗೂ ಅದೇ ದಿನ, ಆದರೆ ಮನೆಯಲ್ಲಿ ನನಗೆ ಇನ್ನೊಂದು ದಿನ ಇತ್ತು. ಆಗಸ್ಟ್ ಏಳಕ್ಕೆ ನಮ್ಮಜ್ಜಿ ನನಗೆ ಶೀರಾ ಮಾಡುತ್ತಿದ್ದಳು, ಅರ್ಧ ನೀನೇ ತಿನ್ನುತ್ತಿದ್ದೆ. ತಿಂದು ಬಾಯಿ ಒರೆಸಿಕೊಂಡು ಮನೆಗೆ ಹೋಗಿ ನಿಮ್ಮವ್ವನ ಜೊತೆ ಜಗಳ ತೆಗೆಯುತ್ತಿದ್ದೆ. "ನಾ ಯಾವತ್ತು ಹುಟ್ಟೀನಿ ಹೇಳ" ಎಂದು. ಗಾಳೆಮ್ಮ ಎಂಬ ನಿಮ್ಮವ್ವ ಒಂದೇ ಉತ್ತರ ಹೇಳುತ್ತಿದ್ದಳು: "ಸುಗ್ಗಿ ಮುಗದಿತ್ತು. ಥಂಡಿ ಇತ್ತು." ಅಷ್ಟೇ. ನೀನು ಅಳುತ್ತಿದ್ದೆ.

ನನ್ನ ದಿನ ಗೊತ್ತಿದ್ದದ್ದು ಅಜ್ಜಿ ಸೂಲಗಿತ್ತಿ ಆಗಿದ್ದರಿಂದ. ಅಜ್ಜಿ ದಾವಲಬೀಗೆ ಅಕ್ಷರ ಬರುತ್ತಿರಲಿಲ್ಲ. ಹೆರಿಗೆ ಮುಗಿಸಿ ಬಂದು, ಕೈಕಾಲು ತೊಳೆದು, ಅಜ್ಜನ ಹೊಲಿಗೆ ಮಷೀನಿನ ಪಕ್ಕ ಕೂತು ಹೇಳುವಳು. ಅಜ್ಜ ಮಕ್ಬುಲಸಾಬ ಟೇಲರ್ ತನ್ನ ಅಳತೆ ಪುಸ್ತಕವನ್ನು ತಿರುವಿ ಹಿಂದಿನ ಪುಟದಿಂದ ಬರೆಯುವನು. ಗೆರೆ ಹೊಡೆದು ಆರು ಮನೆ ಮಾಡಿದ್ದ. ತಾಯಿಯ ಹೆಸರು, ಊರು, ಗಂಡೋ ಹೆಣ್ಣೋ, ಹುಟ್ಟಿದ ದಿನ, ಬಾಣಂತಿಗೂ ಕೂಸಿಗೂ ಅಜ್ಜಿ ಮೊದಲ ನೀರು ಹಾಕಿದ ದಿನ, ಕೊನೆಗೆ ಅಜ್ಜ ಆ ಕೂಸಿಗೆ ಹೊಲಿದು ಕೊಟ್ಟದ್ದು. ಕೂಸು ಯಾರದೇ ಇರಲಿ, ಉಳಿದ ಅರಿವೆಯಲ್ಲಿ ತಲೆ, ಬೆನ್ನು ಮುಚ್ಚುವ ಒಂದು ಕುಂಚಿಗೆಯನ್ನೋ ಅಂಗಿಯನ್ನೋ ಹೊಲಿದು ಕಳಿಸದೆ ಅಜ್ಜನಿಗೆ ಸಮಾಧಾನ ಇರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಆ ಪುಸ್ತಕಕ್ಕೆ ಗೆದ್ದಲು ಹತ್ತಿತು. ನನ್ನ ಝೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಎಲ್ಲವನ್ನೂ ಟೈಪ್ ಮಾಡಿದೆ. ಆ ಹಳೆಯ ಕಂಪ್ಯೂಟರಿನಲ್ಲಿ ಚೌಕ ಹಾಕುವ ಸಾಫ್ಟ್‌ವೇರ್ ಇಲ್ಲ, ಬರೀ ನೋಟ್‌ಪ್ಯಾಡ್. ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಲು ಟ್ಯಾಬ್ ಕೀಲಿ ಒತ್ತುತ್ತಾ ಹೋದೆ. ಅಜ್ಜ ಮನೆ ಖಾಲಿ ಬಿಟ್ಟಿದ್ದ ಕಡೆ ಎರಡು ಸಲ ಒತ್ತಿದೆ. ಯಾಕೆ ಖಾಲಿ ಎಂದು ಯೋಚಿಸಲಿಲ್ಲ, ಕೈ ತನ್ನ ಪಾಡಿಗೆ ಓಡುತ್ತಿತ್ತು. ಕಾರಟಗಿಯ ರೈಸ್‌ಮಿಲ್ಲಿನಲ್ಲಿ ಗುಮಾಸ್ತನಾಗಿರುವ ನನ್ನ ತಮ್ಮ ಅಲ್ತಾಫ, "ಹೆಸರಿನ ಕೊನಿಗೆ ಚುಕ್ಕಿ ಇಟ್ಟು ಟಿಎಸ್‌ವಿ ಅಂತ ಬರಿ ಅಕ್ಕಾ, ಯಾವ ಮಷೀನ್ ಆದ್ರೂ ತಾನ ಚೌಕ ಹಾಕ್ಕೊಂತೈತಿ" ಎಂದ. ಹಾಗೇ ಮಾಡಿದೆ. ತಾನೇ ಹಾಕಿಕೊಳ್ಳುತ್ತದಂತೆ!

ಆಮೇಲಿನದು ನಿನಗೂ ಗೊತ್ತು. ಆ ಫೈಲನ್ನು ನಿನಗೆ ವಾಟ್ಸಾಪಿನಲ್ಲಿ ಕಳಿಸಿದೆ. ಇದನ್ನು ತೆರೆಯುವ ಆ್ಯಪ್ ಇಲ್ಲ ಎಂದಿತು ನಿನ್ನ ಫೋನು. "ನೀ ಕಳಿಸಿದ್ದು ಬಾಯೇ ಬಿಡವಲ್ದಲ್ಲಾ, ಬೀಗ ಏನರ ಹಾಕೀಯೇನು" ಎಂದು ನೀನು ವಾಯ್ಸ್ ಮೆಸೇಜ್ ಹಾಕಿದ್ದು ಇನ್ನೂ ಇಟ್ಟುಕೊಂಡಿದ್ದೇನೆ. ನಿನ್ನ ಯಜಮಾನ ಕನಕರಾಜ ಅವರು ತಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೆಲ್ಲ ಹೋಗಿ ಬರೀ ಪ್ರಶ್ನೆ ಚಿಹ್ನೆ, ಕೊಂಬು, ಬಾಲ. ರಂಜಿತಾಳ ಟ್ಯಾಬ್ಲೆಟ್ಟಿನಲ್ಲಿ ಎಲ್ಲಾ ತಾಯಂದಿರೂ ಒಂದೇ ಸಾಲಿನಲ್ಲಿ ಒತ್ತಿಕೊಂಡು ನಿಂತಿದ್ದರು, ಯಾವ ಕೂಸು ಯಾರದೆಂದು ತಿಳಿಯುವಂತಿರಲಿಲ್ಲ. ಕೊನೆಗೆ ನನ್ನ ಫೋನಿನಲ್ಲಿ ಯಾವುದೋ ಆ್ಯಪ್ ಇಳಿಸಿಕೊಂಡೆ. ಅದು ಮಾತ್ರ ಅಚ್ಚುಕಟ್ಟಾಗಿ ಚೌಕ ಹಾಕಿ ತೋರಿಸಿತು. ಗಾಳೆಮ್ಮ, ನಮ್ಮೂರು, ಹೆಣ್ಣು, ಜನವರಿ ಹತ್ತೊಂಬತ್ತು. ಪರದೆಯಲ್ಲಿ ಹಿಡಿಸಿದ್ದು ನಾಲ್ಕೇ ಮನೆ. ಬೆರಳಿನಿಂದ ಆಚೆ ಸರಿಸಿ ಉಳಿದ ಎರಡನ್ನೂ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನನಗೆ ಎಲ್ಲಿಯ ತಾಳ್ಮೆ. ನಿನಗೆ ಫೋನ್ ಹಚ್ಚಿಬಿಟ್ಟೆ.

ನೀನು ಅತ್ತೆ. ಮೂವತ್ತೆಂಟು ವರ್ಷಕ್ಕೆ ಮೊದಲ ಹುಟ್ಟುಹಬ್ಬ ಮಾಡಿಕೊಂಡೆ. ನಿಮ್ಮವ್ವನೂ ಬಂದಿದ್ದಳು. ಎಲ್ಲರ ಎದುರಿಗೆ ಆಕೆಯ ಬಾಯಿಗೆ ಕೇಕ್ ಇಡುತ್ತಾ ನೀನು ಅಂದೆ: "ದಾವಲಬೀ ಆಯಿ ಊರ ಮಂದಿ ಮಕ್ಕಳ ದಿನಾ ಎಲ್ಲಾ ನೆನಪಿಟ್ಟು ಬರಿಸ್ಯಾಳ. ನಿನಗ ಇದ್ದ ಒಬ್ಬಾಕಿ ಮಗಳ ದಿನ ನೆನಪಿಡಾಕ ಆಗಲಿಲ್ಲಲ್ಲ ಎವ್ವಾ." ನಗುತ್ತಲೇ ಅಂದೆ, ಆದರೆ ಆ ನಗುವಿನ ಒಳಗೆ ಏನಿತ್ತೆಂದು ನಿನಗೂ ಗೊತ್ತು, ನನಗೂ ಗೊತ್ತು. ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನೂ ನಕ್ಕೆ, ರೇಣಿ. ಅದು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹೋದ ವಾರ ಕಾರಟಗಿಗೆ ಹೋಗಿದ್ದೆ. ನಿನ್ನ ನಲವತ್ತಕ್ಕೆ ಅಜ್ಜಿಯ ಪುಸ್ತಕವನ್ನು ಚೆಂದ ಪ್ರಿಂಟ್ ಹಾಕಿಸಿ ಕೊಡಬೇಕೆಂದು ಆಸೆ. ಅಲ್ತಾಫ ಮಿಲ್ಲಿನ ಕಂಪ್ಯೂಟರಿನಲ್ಲಿ ಫೈಲ್ ತೆರೆದ. ಅದು ತೆರೆಯುವ ಮೊದಲು ನಾಲ್ಕಾರು ಪ್ರಶ್ನೆ ಕೇಳಿತು. ಅದರಲ್ಲಿ ಒಂದು, ಒಂದರ ಬೆನ್ನಿಗೆ ಒಂದು ಬಂದ ಟ್ಯಾಬುಗಳನ್ನು ಒಂದೇ ಎಂದು ತಿಳಿಯಬೇಕೆ ಎಂದು. ಅಲ್ಲಿ ಮೊದಲೇ ಟಿಕ್ ಇತ್ತು. ಅವನು ಅದನ್ನು ತೆಗೆದ. ತೆಗೆದ ಕೂಡಲೇ ಹನ್ನೊಂದು ಸಾಲುಗಳು ಒಂದೊಂದು ಮನೆ ಬಲಕ್ಕೆ ಸರಿದವು. ಅದರಲ್ಲಿ ನಿನ್ನದೂ ಒಂದು. "ಖಾಲಿ ಮನಿ ಇದ್ದದ್ದನ್ನ ನಿನ್ನ ಫೋನ್ ನುಂಗಿಬಿಟ್ಟೈತಿ ಅಕ್ಕಾ" ಎಂದು ಅಲ್ತಾಫ ಚಹಾ ಕುಡಿಯುತ್ತಾ ಹೇಳಿದ. ಹುಟ್ಟಿದ ದಿನ ಎಂಬ ನಿನ್ನ ಮನೆ ಖಾಲಿ. ಜನವರಿ ಹತ್ತೊಂಬತ್ತು ಇರುವುದು ಅದರ ಪಕ್ಕದಲ್ಲಿ, ಮೊದಲ ನೀರು ಎಂಬಲ್ಲಿ.

ಅಜ್ಜಿಯ ಸ್ವಭಾವ ನನಗೆ ಗೊತ್ತು. ತನ್ನ ಕೈಗೆ ಬಂದ ಕೂಸಿನ ದಿನ ಮಾತ್ರ ಬರೆಸುವಳು. ತಾನು ಕಾಣದ್ದನ್ನು ಯಾರು ಹೇಳಿದರೂ ಬರೆಸುವವಳಲ್ಲ. ಅಂದರೆ ನೀನು ಹುಟ್ಟುವಾಗ ಅಜ್ಜಿ ಅಲ್ಲಿ ಇರಲಿಲ್ಲ. ಹಾಗಾದರೆ ಯಾರಿದ್ದರು?

ಮರುದಿನವೇ ನಮ್ಮೂರ ಬಸ್ಸು ಹತ್ತಿದೆ. ನಿಮ್ಮವ್ವ ನಿನ್ನ ಅಣ್ಣ ಗೋಣೆಪ್ಪನ ಕಟ್ಟೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ವಿಷಯ ಹೇಳಿದೆ. ಕದುರು ತಿರುಗಿಸುವುದನ್ನು ನಿಲ್ಲಿಸದೆ ಹೇಳಿದಳು. ಆಕೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಇನ್ನೂ ದಿನ ಅದಾವು ಅಂತ ಕುರಿ ಹಿಂದ ಹೋಗಿದ್ನೆವ್ವಾ. ಕಾರಟಗಿ ಕಡೆ ಭತ್ತ ಕೊಯ್ದ ಗದ್ದ್ಯಾಗ ಹಟ್ಟಿ ಹಾಕಿದ್ವಿ. ಗಂಡಸರು ಕುರಿ ಹೊಡಕೊಂಡು ಕಾಲುವಿ ಆಚೆ ಹೋಗಿದ್ರು. ಮಧ್ಯಾಹ್ನದಾಗ ರೊಟ್ಟಿ ಬಡಿಯಾಕ ಕುಂತಾಕಿ ಏಳಾಕ ಆಗಲಿಲ್ಲ. ಯಾರನ್ನ ಕರೀಲಿ? ನಾನ ಹಡದೆ, ನಾನ ಹಿಡದೆ. ಕುಡಗೋಲು ಒಲಿಯಾಗ ಕಾಸಿ ಹೊಕ್ಕಳ ಹುರಿ ಕೊಯ್ದೆ. ಹಟ್ಟ್ಯಾಗ ಕಟ್ಟಿದ್ದ ಒಂದು ಕುರಿನೂ ಅವತ್ತ ಈದಿತ್ತು, ಕರೇ ಮರಿ. ಮರಿನೂ ಕೂಸೂ ಒಂದ ಕಂಬಳಿಯಾಗ ಇಟ್ಕೊಂಡು ಕುಂತಿದ್ದೆ. ತಾರೀಖು ಎಲ್ಲಿಂದ ತರ್ಲಿ, ಗದ್ದ್ಯಾಗೇನು ಕ್ಯಾಲೆಂಡರ್ ಇತ್ತಾ? ಮೈಯಾಗ ಒಂದೀಟು ತ್ರಾಣ ಬಂದ ಮ್ಯಾಲೆ ಊರಿಗೆ ಬಂದೆ. ಮನಿಗೆ ಹೋಗಲಿಲ್ಲ, ಮೊದಲ ದಾವಲಬೀ ಅಕ್ಕನ ಬಾಗಲಕ್ಕ ಹೋದೆ. ಆಕಿ ಇಬ್ರಿಗೂ ಬಿಸಿನೀರು ಹಾಕಿದ್ಲು."

ಹಾಗಾದರೆ ಎರಡು ವರ್ಷ ಯಾಕೆ ಸುಮ್ಮನಿದ್ದೆ ಎವ್ವಾ ಎಂದು ಕೇಳಿದೆ. "ನನ್ನ ಮಗಳು ಒಂದು ದಿನ ಸಿಕ್ತು ಅಂತ ಕುಣಿದಾಡಾಕ ಹತ್ತಿದ್ಲು. ನಡುವ ಬಾಯಿ ಹಾಕಿ ಅದನ್ನೂ ಕಸಗೊಳ್ಳಲಾ?" ಎಂದಳು. ಆಮೇಲೆ, "ನೀನೂ ಹೇಳಬ್ಯಾಡ" ಎಂದಳು. ನಾನು ಹೂಂ ಅನ್ನಲಿಲ್ಲ. ಹೂಂ ಅಂದಿದ್ದರೆ ಈ ಪತ್ರ ಬರೆಯುವ ಹಾಗಿರಲಿಲ್ಲ.

ಖಾಲಿ ಮನೆ ನೋಡಿ ಅದನ್ನು ತುಂಬಬೇಕೆಂದು ನನಗೂ ಅನ್ನಿಸಿತು. ಜನವರಿ ಹತ್ತೋ ಹನ್ನೆರಡೋ ಎಂದು ಲೆಕ್ಕ ಹಾಕಿ ಬರೆಯಬಹುದಿತ್ತು. ಬರೆಯಲಿಲ್ಲ. ಅಜ್ಜಿ ಬಿಟ್ಟದ್ದನ್ನು ತುಂಬಲು ನಾನು ಯಾರು? ಆ ಹೊತ್ತಿನಲ್ಲಿ ನಿಮ್ಮವ್ವನ ಹೊರತು ನಿನ್ನ ಹತ್ತಿರ ಯಾರೂ ಇರಲಿಲ್ಲ ಎಂಬುದಕ್ಕೆ ಇರುವ ಸಾಕ್ಷಿ ಅದೊಂದೇ. ಪ್ರಿಂಟ್ ಹಾಕಿಸಿದ್ದೇನೆ, ಆ ಸಾಲು ಖಾಲಿ ಮನೆಯ ಸಮೇತ ಇದೆ. ಕೇಕಿನ ಜೊತೆ ತರುತ್ತೇನೆ. ಕಾಗದದ ಮೇಲೆ ಯಾವ ಫೋನೂ ಅದನ್ನು ನುಂಗುವುದಿಲ್ಲ.

ಇನ್ನು ಆ ಕೊನೆಯ ಮನೆ, ನಾನು ಬೆರಳು ಸರಿಸಿ ನೋಡದೆ ಬಿಟ್ಟದ್ದು. ಅಲ್ಲಿ ಅಜ್ಜ ಬರೆದಿದ್ದಾನೆ: "ಹೊಲಿಯಲು ಹೊತ್ತಿರಲಿಲ್ಲ. ಗುಲ್ಶನಳ ಕುಂಚಿಗೆ ತೆಗೆದು ಈ ಕೂಸಿಗೆ ಹಾಕಿದೆವು." ಆಗ ನಾನು ಐದು ತಿಂಗಳ ಕೂಸು, ರೇಣಿ. ಅಂದರೆ ಜನವರಿ ಹತ್ತೊಂಬತ್ತು ನಿನ್ನ ಹುಟ್ಟಿದ ದಿನ ಅಲ್ಲದಿದ್ದರೂ ನೀನು ಮೊದಲ ಸಲ ನಮ್ಮ ಮನೆಗೆ ಬಂದ ದಿನ, ಬಂದ ದಿನವೇ ನನ್ನ ತಲೆಯ ಮೇಲಿದ್ದದ್ದನ್ನು ಕಸಿದುಕೊಂಡ ದಿನ. ಆ ದಿನವನ್ನು ನಾನು ನಿನಗೊಬ್ಬಳಿಗೇ ಬಿಟ್ಟುಕೊಡುವುದಿಲ್ಲ. ಕೇಕ್ ಕೊಯ್ಯಲೇಬೇಕು, ಇನ್ನು ಮೇಲೆ ಅದು ನಮ್ಮಿಬ್ಬರದು.

ಒಂದು ಮಾತು ನಡೆಸಿಕೊಡು. ಅವತ್ತು ನಿಮ್ಮವ್ವನನ್ನು ಪಕ್ಕದಲ್ಲಿ ಕೂರಿಸಿಕೋ. ತಪ್ಪಾಯಿತು ಎಂದು ಅತ್ತು ಕರೆದು ಆಕೆಗೆ ಮುಜುಗರ ಮಾಡಬೇಡ, ಆಕೆಗೆ ಅದು ಹಿಡಿಸುವುದಿಲ್ಲ. ದಿನ ಯಾವುದು ಎಂದೂ ಕೇಳಬೇಡ. ಮೊದಲ ತುಣುಕು ಆಕೆಯ ಬಾಯಿಗಿಟ್ಟು, ಆ ಕರೇ ಮರಿ ಆಮೇಲೆ ಏನಾಯಿತು ಎವ್ವಾ ಎಂದು ಕೇಳು.

ನಿನ್ನ ಹೊಟ್ಟೆ ತಣ್ಣಗಿರಲಿ, ನಿನ್ನ ಮನೆ ಮಕ್ಕಳಿಂದ ತುಂಬಿರಲಿ.

ನಿನ್ನ ಕುಂಚಿಗೆಯ ಹಳೆಯ ಒಡತಿ,
ಗುಲ್ಶನ