ಹೊಸ್ತಿಲಾಚೆಯ ಜಗಳ

ಫೆಬ್ರವರಿ 3, ಸೋಮವಾರ

ಎಂದಿನ ಬಸ್ಸು, ಎಂದಿನ ಸೀಟು, ಎಂದಿನ ಜಗಳ. ಇವತ್ತಿನ ವಿಷಯ ಒದ್ದೆ ಟವೆಲ್ಲು. ಹಾಸಿಗೆಯ ಮೇಲೆ ಎಸೆದವರು ನಮ್ಮ ಯಜಮಾನರು. "ನಾನಲ್ಲ, ಗಾಳಿ" ಎಂದವರೂ ಅವರೇ. ಬಚ್ಚಲಿನಿಂದ ಎತ್ತಿ ತಂದು, ಹಜಾರ ದಾಟಿಸಿ, ನನ್ನ ದಿಂಬಿನ ಮೇಲೇ ಹಾಸುವಂಥ ಗಾಳಿ. ಮಾರ್ಕೆಟ್ ದಾಟುವ ತನಕ ವಾದ ನಡೆಯಿತು. ಹಿಂದಿನ ಸೀಟಿನ ಕೊಡೆ ಮೇಷ್ಟ್ರು ತೀರ್ಪು ಕೊಟ್ಟರು. ರಿಟೈರಾಗಿ ಎಷ್ಟೋ ವರ್ಷವಾಯಿತು, ಮೋಡವಿಲ್ಲದಿದ್ದರೂ ಕೊಡೆ ಹಿಡಿದು ದಿನಾ ಇದೇ ಬಸ್ಸಿಗೆ ಬರುತ್ತಾರೆ. "ಗಾಳಿಗೆ ಕೈ ಇರಲ್ಲ ಸಾರ್."

ಗೆದ್ದೆ. ನಾನು ಕೆಲಸ ಮಾಡುವ ಪ್ರೆಸ್ಸಿನ ಸ್ಟಾಪಿನಲ್ಲಿ ಇಳಿದೆ. ಯಜಮಾನರು ಎಕ್ಸ್‌ರೇ ತೆಗೆಯುವ ತಮ್ಮ ಕೆಲಸಕ್ಕೆ, ಆಸ್ಪತ್ರೆಗೆ ಮುಂದೆ ಹೋದರು.

ಮನೆಯಲ್ಲಿ ಜಗಳ ಆಡುವ ಹಾಗಿಲ್ಲ. ಮದುವೆಯಾಗಿ ಬಂದ ವಾರವೇ ಅತ್ತೆ ಹಾಕಿದ ಕಾನೂನು. "ನಾನೂ ನಿಮ್ಮ ಮಾವನೂ ಸೇರಿ ಮನೇನ ರಣರಂಗ ಮಾಡಿದ್ದು ಸಾಕು. ನಿಮ್ದು ಏನೇ ಇದ್ರೂ ಹೊಸ್ತಿಲಾಚೆ ಇಟ್ಕೊಳ್ಳಿ." ಇಟ್ಟುಕೊಂಡಿದ್ದೇವೆ. ಹೊಸ್ತಿಲು ದಾಟಿದರೆ ಕೂರಲು ಜಾಗ ಸಿಗುವುದು ಈ ಬಸ್ಸಿನಲ್ಲೇ.

ಆಫೀಸಿನಲ್ಲಿ ನಿವೃತ್ತಿಯ ಗ್ರೀಟಿಂಗ್ ಕಾರ್ಡಿಗೆ ಪದ್ಯ ಬರೆದೆ —
ಕುರ್ಚಿಯಲ್ಲಿ ತೂಕಡಿಸಿದ್ದು ಸಾಕು,
ಇನ್ನು ಹಾಸಿಗೆಯಲ್ಲೇ ಮಲಗಬೇಕು.
ಗೌರವ ಕಮ್ಮಿಯಾಯಿತು ಅಂದರು ಮ್ಯಾನೇಜರು. ಕುರ್ಚಿಯಲ್ಲಿ ಕೂತೇ ಅಂದರು, ಕಣ್ಣುಜ್ಜುತ್ತಾ.

ಸಂಜೆ ಮನೆ ಓನರ್ ಬಂದರು. ಮಗನ ಮದುವೆ, ಮನೆ ಬೇಕಂತೆ. ಮಾರ್ಚ್ ಮುಗಿಯುವುದರೊಳಗೆ ಖಾಲಿ ಮಾಡಬೇಕು.

ಫೆಬ್ರವರಿ 9, ಭಾನುವಾರ

ಬ್ರೋಕರ್ ಗೊತ್ತಾದ. ಮಗಳು ಅವನಿಗೆ 'ಐದೇ ನಿಮಿಷ' ಎಂದು ಹೆಸರಿಟ್ಟಿದ್ದಾಳೆ. ಬಸ್ ಸ್ಟಾಪಾ? ಐದೇ ನಿಮಿಷ. ಕಾಲೇಜಾ? ಐದೇ ನಿಮಿಷ. ಆಸ್ಪತ್ರೆ? ಐದೇ ನಿಮಿಷ. ತಾನು ಬಂದದ್ದು ಮಾತ್ರ ಒಂದು ಗಂಟೆ ತಡ.

ಮೊದಲು ತೋರಿಸಿದ ಮನೆಯ ಮೇಲೆ ಎರಡು ಸಾಲು —
ಬಾಡಿಗೆ ಕಮ್ಮಿ, ಬೆಳಕೂ ಕಮ್ಮಿ,
ಬಚ್ಚಲಲ್ಲಿ ಕೂರಬೇಕು ಕೆಮ್ಮಿ ಕೆಮ್ಮಿ.
(ಚಿಲಕವಿಲ್ಲ. ಹಾಕಿಸಿ ಕೊಡುತ್ತಾನಂತೆ. ಐದೇ ನಿಮಿಷದ ಕೆಲಸ.)

ಎರಡನೆಯದು ನಮ್ಮ ಪ್ರೆಸ್ಸಿನ ಹಿಂದಿನ ಗೋಡೆಗೇ ಅಂಟಿಕೊಂಡ ಮನೆ. ನೋಡಿದ ಕೂಡಲೇ ಹೊಟ್ಟೆಯಲ್ಲಿ ಬಿಸಿ ಅನ್ನದ ಕನಸು. ಮಧ್ಯಾಹ್ನ ಮನೆಗೆ ಬಂದು ಊಟ, ಊಟದ ಮೇಲೆ ಒಂದು ಸಣ್ಣ ಜೋಂಪು, ಯಾರಿಗೂ ತಿಳಿಯದಂತೆ ವಾಪಸ್ಸು. ಸಂಜೆ ಬಸ್ಸಿನ ಕಂಬಿಗೆ ಬಾವಲಿಯ ಹಾಗೆ ನೇತಾಡುವುದು ತಪ್ಪುತ್ತದೆ.

ಯಜಮಾನರು ಅಂಗಳದಲ್ಲಿ ನಿಂತು ಕಿವಿಗೊಟ್ಟು ಕೇಳಿದರು. "ಎಷ್ಟು ಪ್ರಶಾಂತವಾಗಿದೆ!"

ಭಾನುವಾರ ಪ್ರಶಾಂತವಾಗಿರದೆ ಇನ್ನೇನು? ಉಳಿದ ದಿನ ಪ್ರೆಸ್ಸಿನ ಕಾಗದದ ಕಟಿಂಗ್ ಮಿಷನ್ ಒಂದೊಂದು ಏಟು ಕೊಟ್ಟಾಗಲೂ ಆ ಗೋಡೆಗೆ ನಡುಕ ಬರುತ್ತದೆ. ನನಗೆ ಗೊತ್ತು. ಬಾಯಿ ಬಿಡಲಿಲ್ಲ. ಪ್ರಶಾಂತವಾಗಿದ್ದೆ.

ಫೆಬ್ರವರಿ 11, ಮಂಗಳವಾರ

ಬಸ್ಸಿನಲ್ಲಿ ಮನೆಯ ವಿಚಾರಣೆ.

"ಅಲ್ಲಿಗೆ ಹೋದ್ರೂ ನನಗೆ ಬಸ್ಸಿನ ಗೋಳು ತಪ್ಪಲ್ಲ," ಅಂದರು. "ಆಸ್ಪತ್ರೆ ಹತ್ರ ನೋಡೋಣ. ರಾತ್ರಿ ಅರ್ಜೆಂಟ್ ಅಂತ ಕರೀತಾರೆ. ಕಾಲು ಮುರಿದೋರು ನಾನು ಬಸ್ ಹತ್ತೋ ತನಕ ಕಾಯ್ಬೇಕಾ?"

"ಕಾಲು ಮುರಿದೋರು ಎಲ್ಲಿಗೂ ಓಡಿ ಹೋಗಲ್ಲ ಬಿಡ್ರೀ."

ಮುಂದಿನ ಎರಡು ಸೀಟು ನಕ್ಕವು. ನಾನು ಹುರುಪಿನಿಂದ ಬಾವಲಿಯ ಕಥೆ ಶುರು ಮಾಡಿದೆ. ಅವರು ತಮ್ಮ ಕೊನೆಯ ಅಸ್ತ್ರ ತೆಗೆದರು. ಎಕ್ಸ್‌ರೇ ಕೋಣೆಯಲ್ಲಿ ರೋಗಿಗಳಿಗೆ ಹೇಳುವ ಅದೇ ದನಿ — "ಉಸಿರು ಬಿಗಿ ಹಿಡಿ... ಅಲ್ಲಾಡ್ಬೇಡ... ಈಗ ಬಿಡು." ನಾನು ನಿಜಕ್ಕೂ ಉಸಿರು ಹಿಡಿದೆ. ಇಷ್ಟು ವರ್ಷವಾದರೂ ಮೋಸ ಹೋಗುತ್ತೇನೆ.

ಕಂಡಕ್ಟರ್ ಟಿಕೆಟ್ ಹರಿಯುತ್ತಾ ಬಾಯಿ ಹಾಕಿದ. "ನಿಮ್ಮ ಸ್ಟಾಪಿಗಿಂತ ಹಿಂದೆ, ನಮ್ಮ ಬಸ್ಸು ಹೊರಡೋ ಲಾಸ್ಟ್ ಸ್ಟಾಪಲ್ಲಿ ಒಂದು ಮಹಡಿ ಮನೆ ಖಾಲಿ ಇದೆ ಮೇಡಂ. ನೀರು, ಗಾಳಿ, ಬಾಲ್ಕನಿ. ಬಸ್ಸು ಬಾಗಿಲಿಗೇ."

"ಅಲ್ಲಿಂದ ಆಫೀಸ್ ತಲುಪೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಪ್ಪ."

"ಇಬ್ಬರಿಗೂ ದೂರ," ಅಂದರು ಇವರು. ಈ ವಾರ ನಾವಿಬ್ಬರೂ ಒಪ್ಪಿದ ಮೊದಲ ಮಾತು.

ಫೆಬ್ರವರಿ 16, ಭಾನುವಾರ

ಆಸ್ಪತ್ರೆಯ ಎದುರಿನ ಮನೆ. ಯಜಮಾನರ ಮುಖ ಮದುಮಗನ ಹಾಗಿತ್ತು. ನಾವು ನೋಡುತ್ತಿದ್ದಾಗಲೇ ಆಂಬುಲೆನ್ಸ್ ಮೂರು ಸಲ ಕೂಗಿತು. "ಅಭ್ಯಾಸ ಆಗುತ್ತೆ," ಅಂದರು. ಅಡುಗೆಮನೆಯ ಕಿಟಕಿ ತೆರೆದೆ. ನೇರ ಎದುರಿಗೆ ಶವಾಗಾರ. "ಅದೂ ಅಭ್ಯಾಸ ಆಗುತ್ತೆ."

ಅತ್ತೆ ಇಣುಕಿ ನೋಡಿದರು. "ಲೋ, ನನ್ನನ್ನ ಅಲ್ಲಿಗೆ ಸಾಗ್ಸೋದಕ್ಕೆ ಸುಲಭ ಆಗ್ಲಿ ಅಂತಾನಾ?"

ಅತ್ತೆಗೆ ಬೇಕಾದ್ದು ಒಂದೇ. ಕೂತು ರಸ್ತೆ ನೋಡಲು ಒಂದು ಬಾಲ್ಕನಿ, ನೋಡಲು ಜೀವವಿರುವ ಜನ.

ಇವತ್ತಿನ ಜಗಳ ನಾಳೆಗೆ ಮೀಸಲು. ಮನಸ್ಸಿನಲ್ಲೇ ಮೊದಲ ಮೂರು ವಾಕ್ಯ ತಿದ್ದಿಟ್ಟುಕೊಂಡಿದ್ದೇನೆ.

ಫೆಬ್ರವರಿ 17, ಸೋಮವಾರ

ವಾಕ್ಯ ವ್ಯರ್ಥ. ಅವರನ್ನು ಬೆಳಗಿನ ಶಿಫ್ಟಿಗೆ ಹಾಕಿದ್ದಾರೆ, ತಿಂಗಳ ಮಟ್ಟಿಗೆ. ನಾನು ಹಲ್ಲುಜ್ಜುವ ಹೊತ್ತಿಗೆ ಅವರ ಬಸ್ಸು ಹೋಗಿರುತ್ತದೆ.

ಪಕ್ಕದ ಸೀಟು ಖಾಲಿ. ಕೊಡೆ ಮೇಷ್ಟ್ರು ಕೇಳಿದರು, "ಸಾರ್ ಇಲ್ವಾ? ಇವತ್ತು ಏನೂ ಇಲ್ವಾ ಹಾಗಾದ್ರೆ?" ಸಿನಿಮಾ ರದ್ದಾದ ಮುಖ.

ಫೆಬ್ರವರಿ 26, ಬುಧವಾರ

ಮನೆಯಲ್ಲಿ ಏನೋ ಸರಿಯಿಲ್ಲ. ಎಲ್ಲವೂ ಸರಿಯಿದೆ.

ಅವರು ನಿನ್ನೆ ನನಗೆ "ಥ್ಯಾಂಕ್ಸ್" ಅಂದರು. ನೀರು ಕೊಟ್ಟದ್ದಕ್ಕೆ. ನಾನು "ಪರವಾಗಿಲ್ಲ" ಅಂದೆ. ಇಬ್ಬರೂ ಬೇರೆ ಬೇರೆ ಗೋಡೆ ನೋಡಿದೆವು. ಒದ್ದೆ ಟವೆಲ್ಲು ಹಾಸಿಗೆಯ ಮೇಲೇ ಇದೆ. ನಾನೇ ಎತ್ತಿ ಒಣಹಾಕುತ್ತೇನೆ, ಹೋಟೆಲಿನವರ ಹಾಗೆ.

ಅವರು ಸಂಜೆ ಬೇಗ ಬಂದು ನಿದ್ದೆ ಹೋಗುತ್ತಾರೆ. ನಾನು ನೇತಾಡಿ ಬಂದು ಅಡುಗೆ ನೋಡುತ್ತೇನೆ. ನಡುವೆ ಅತ್ತೆ, ಟಿವಿ, ಮಗಳ ಪರೀಕ್ಷೆ. ಹೊಸ್ತಿಲಾಚೆ ಒಟ್ಟಿಗೆ ಕಾಲಿಡುವ ಸಂದರ್ಭವೇ ಇಲ್ಲ.

ಪ್ರೆಸ್ಸಿನಲ್ಲಿ ವಿವಾಹ ವಾರ್ಷಿಕೋತ್ಸವದ ಕಾರ್ಡು. ಇಡೀ ದಿನ ಕೂತೆ, ಒಂದು ಪ್ರಾಸವೂ ಕೂಡಲಿಲ್ಲ. 'ಒಲವು' ಅಂತ ಬರೆದು, ಪಕ್ಕದಲ್ಲಿ 'ಟವೆಲ್ಲು' ಅಂತ ಬರೆದು, ಹೊಡೆದುಹಾಕಿದೆ.

ಮಾರ್ಚ್ 4, ಮಂಗಳವಾರ

ಊಟದ ಹೊತ್ತಿಗೆ ಮನೆಯ ಮಾತು ಬಂತು.

"ನಿನಗೆ ಪ್ರೆಸ್ ಹಿಂದಿನ ಮನೆ ಅನುಕೂಲ ಅಂದ್ರೆ ಅದೇ ಆಗ್ಲಿ."

"ಇಲ್ಲ ಇಲ್ಲ, ನಿಮಗೆ ದೂರ ಆಗುತ್ತೆ."

"ಪರವಾಗಿಲ್ಲ."

"ನೋಡಿ, ನಿಮ್ಮಿಷ್ಟ."

"ನಿನ್ನಿಷ್ಟವೇ ನನ್ನಿಷ್ಟ."

ಅತ್ತೆ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ನಮ್ಮನ್ನು ಒಬ್ಬರಾದ ಮೇಲೊಬ್ಬರಂತೆ ನೋಡಿದರು. "ಯಾರಿಗಾದ್ರೂ ಏನಾದ್ರೂ ಕಾಯಿಲೆ ಬಂದಿದೆಯಾ? ನನ್ನ ಹತ್ರ ಮುಚ್ಚಿಡ್ಬೇಡಿ."

ಪಾತ್ರೆ ತೊಳೆಯುವಾಗ ಮಗಳು ಬಂದು ಪಕ್ಕದಲ್ಲಿ ನಿಂತಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

"ಅಮ್ಮಾ, ನೀವಿಬ್ರೂ ಡಿವೋರ್ಸ್ ತಗೋತಿದೀರಾ?"

"ಹುಚ್ಚಿ. ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಅಪ್ಪ ನಿಂಗೆ ಸಾರಿ ಅಂದ್ರು. ನಾನೇ ಕೇಳಿಸ್ಕೊಂಡೆ."

ನಗಬೇಕೆಂದುಕೊಂಡೆ. ಬರಲಿಲ್ಲ. ಇಡೀ ಮನೆ ಉಸಿರು ಬಿಗಿ ಹಿಡಿದು ಕೂತಿದೆ... 'ಬಿಡಿ' ಅನ್ನುವವರೇ ಇಲ್ಲ.

ಮಾರ್ಚ್ 7, ಶುಕ್ರವಾರ

'ಐದೇ ನಿಮಿಷ' ಫೋನ್ ಮಾಡಿದ. ಪ್ರೆಸ್ ಹಿಂದಿನ ಮನೆಗೆ ಭಾನುವಾರ ಅಡ್ವಾನ್ಸ್ ಕೊಡಬೇಕು, ಇಲ್ಲದಿದ್ದರೆ ಬೇರೆಯವರಿಗೆ. "ಸಾರ್ ಕೇಳಿದ್ರೆ ಮೇಡಂನ ಕೇಳಿ ಅಂತಾರೆ, ನೀವು ಸಾರ್‌ನ ಕೇಳಿ ಅಂತೀರಿ. ಇಷ್ಟು ವರ್ಷದಲ್ಲಿ ಕಿತ್ತಾಡದೆ ಮನೆ ನೋಡಿದ ಗಂಡ ಹೆಂಡ್ತಿನ ನಾನು ಕಂಡಿಲ್ಲ ಮೇಡಂ. ಭಯ ಆಗುತ್ತೆ."

ಬಯಸಿದ ಮನೆಯೇ ಸಿಗುತ್ತಿದೆ. ಬಿಸಿ ಊಟ, ಜೋಂಪು. ಆದರೆ ಈಗ ಲೆಕ್ಕ ಹಾಕಿ ನೋಡಿದೆ. ಅಲ್ಲಿಗೆ ಹೋದರೆ ನನಗೆ ಬಸ್ಸೇ ಇಲ್ಲ. ಆಸ್ಪತ್ರೆಯ ಎದುರಿಗೆ ಹೋದರೆ ಅವರಿಗೆ ಬಸ್ಸಿಲ್ಲ. ಈ ಶಿಫ್ಟು ಒಂದು ತಿಂಗಳಿಗೆ ಮುಗಿಯುತ್ತದೆ. ಮನೆ ಮುಗಿಯುವುದಿಲ್ಲ.

ನಾಳೆ ಬೇಗ ಏಳಬೇಕು.

ಮಾರ್ಚ್ 8, ಶನಿವಾರ

ಅವರು ಹೊರಟ ಹಿಂದೆಯೇ ಚಪ್ಪಲಿ ಮೆಟ್ಟಿದೆ. ಜಡೆ ಹೆಣೆದದ್ದು ರಸ್ತೆಯಲ್ಲಿ. ಬಸ್ಸು ಹೊರಡುವ ಹೊತ್ತಿಗೆ ಹತ್ತಿ, ಅವರ ಪಕ್ಕದಲ್ಲಿ ಕೂತೆ. ಬೆಚ್ಚಿಬಿದ್ದರು.

"ಏನಾಯ್ತು? ಅಮ್ಮಂಗೆ ಏನಾದ್ರೂ..."

"ಅತ್ತೆ ಚೆನ್ನಾಗಿದಾರೆ. ನಂಗೆ ಆ ಮನೆ ಬೇಡ."

"ನೀನೇ ತಾನೇ ಬೇಕು ಅಂದಿದ್ದು?"

"ನೀವ್ಯಾಕೆ ಒಪ್ಕೊಂಡ್ರಿ?"

"ಒಪ್ಪಿದ್ದೂ ತಪ್ಪಾ?"

"ತಪ್ಪೇ. ಕಟಿಂಗ್ ಮಿಷನ್ ಹೊಡೆದ್ರೆ ಗೋಡೆ ಅದುರುತ್ತೆ. ನಿಮಗೆ ಅದೂ ಗೊತ್ತಿಲ್ಲ."

"ಗೊತ್ತು. ಮೊನ್ನೆ ಡ್ಯೂಟಿ ಮುಗಿಸಿ ಹೋಗಿ, ಗೋಡೆಗೆ ಕೈ ಇಟ್ಟು ನೋಡಿ ಬಂದೆ. ಹಲ್ಲೆಲ್ಲಾ ಅಲ್ಲಾಡ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಎಲ್ಲಿ ಹೇಳ್ಲಿ? ಮನೇಲಿ ಅಮ್ಮ ಇದಾರಲ್ಲ."

ಅಲ್ಲಿಗೆ ಕಟ್ಟೆ ಒಡೆಯಿತು. ಟವೆಲ್ಲು, ಶವಾಗಾರ, ಥ್ಯಾಂಕ್ಸು, ನಾನು ಬಚ್ಚಿಟ್ಟ ಗೋಡೆ, ಅವರು ಬಚ್ಚಿಟ್ಟ ಗೋಡೆ. ಮೂರು ವಾರದ ಬಾಕಿ. ಈ ಬಸ್ಸಿನವರಿಗೆ ನಮ್ಮ ಪರಿಚಯವಿಲ್ಲ. ಮುಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದವನು ತಿರುಗಿ, "ಸ್ವಲ್ಪ ಮೆಲ್ಲಗೆ," ಅಂದ. "ನೀವು ಮಲಗಿ," ಎಂದು ಇಬ್ಬರೂ ಒಟ್ಟಿಗೆ ಗದರಿದೆವು. ಪ್ರೆಸ್ಸಿನ ಸ್ಟಾಪು ಬಂತು, ಹೋಯಿತು. ಇಳಿಯಲಿಲ್ಲ. ಅಷ್ಟು ಹೊತ್ತಿಗೆ ಪ್ರೆಸ್ಸು ತೆರೆದೂ ಇರುವುದಿಲ್ಲ.

ಆಸ್ಪತ್ರೆ ಹತ್ತಿರವಾದಾಗ ಅವರೇ ಅಂದರು, "ಆ ಕಂಡಕ್ಟರ್ ಹೇಳಿದ ಮಹಡಿ ಮನೆ..."

"ಇಬ್ಬರಿಗೂ ದೂರ."

"ದೂರಾನೇ."

"ಇನ್ನೂ ಬೇಗ ಏಳ್ಬೇಕು."

"ಏಳ್ಬೇಕು. ಯಾರು ಮೊದಲು ಏಳೋದು ಅಂತ ಅದೊಂದು ಬೇರೆ ಆಗುತ್ತೆ."

"ಆಗ್ಲಿ ಬಿಡಿ."

ಅವರು ಇಳಿಯಲು ಎದ್ದರು. ಫುಟ್‌ಬೋರ್ಡಿನಲ್ಲಿ ನಿಂತು ತಿರುಗಿ ನೋಡಿದರು. "ಈಗ ಬಿಡು ಉಸಿರು."

ಬಿಟ್ಟೆ.

ಮಾರ್ಚ್ 9, ಭಾನುವಾರ

ಮಹಡಿ ಮನೆ ನೋಡಿದೆವು. ಮೆಟ್ಟಿಲು ಕಡಿದು, ಅಡುಗೆಮನೆ ಪುಟ್ಟದು, ಸ್ವಿಚ್ಚೆಲ್ಲ ತಲೆಕೆಳಗು. ಬಾಲ್ಕನಿಯಿಂದ ಬಸ್ಸುಗಳು ತಿರುಗುವುದು ಕಾಣುತ್ತದೆ. ಅತ್ತೆ ಅಲ್ಲೇ ಕುಕ್ಕರಿಸಿದರು. "ಏಳ್ತೀರಾ?" ಅಂದರೆ "ಆ ಕೆಂಪು ಬಸ್ಸು ರಿವರ್ಸ್ ತಗೋಳ್ಳಿ ತಡಿ," ಅಂತಾರೆ. ಅಡ್ವಾನ್ಸ್ ಕೊಟ್ಟೆವು.

'ಐದೇ ನಿಮಿಷ'ನಿಗೆ ವಿಷಯ ತಿಳಿಸಿದೆ. ನೊಂದುಕೊಂಡ. "ಅಷ್ಟು ದೂರ ಯಾರಾದ್ರೂ ಹೋಗ್ತಾರಾ ಮೇಡಂ?" ಅವನ ಬಾಯಲ್ಲಿ 'ದೂರ' ಕೇಳಿದ್ದು ಇದೇ ಮೊದಲು.

ದಾರಿಯುದ್ದಕ್ಕೂ ಮಗಳಿಗೆ ಸಮಾಧಾನ. ನಾವಿಬ್ಬರೂ ಸ್ವಿಚ್ಚಿನ ಬಗ್ಗೆ ಕಿತ್ತಾಡುತ್ತಿದ್ದೆವು, ಅವಳು ಹಿಂದಿನ ಸೀಟಿನಲ್ಲಿ ನೆಮ್ಮದಿಯಾಗಿ ನಿದ್ದೆ ಹೋದಳು.

ಮಾರ್ಚ್ 31, ಸೋಮವಾರ. ಬಸ್ಸಿನೊಳಗೆ

ಹೊಸ ಮನೆಯ ಮೊದಲ ಬೆಳಗು. ಅವರ ಶಿಫ್ಟು ಹಳೆಯ ಲೆಕ್ಕಕ್ಕೆ ಬಂದಿದೆ. ಬಸ್ಸು ಪೂರ್ತಿ ಖಾಲಿ, ಯಾವ ಸೀಟು ಬೇಕಾದರೂ ನಮ್ಮದು. ಎಂದಿನ ಸೀಟಿನಲ್ಲೇ ಕೂತೆ. ಕೊಡೆ ಮೇಷ್ಟ್ರು ಅರ್ಧ ದಾರಿಯಲ್ಲಿ ಹತ್ತುತ್ತಾರೆ. ಅವರಿಗೆ ಮೊದಲ ಅಂಕ ತಪ್ಪುತ್ತದೆ, ಪಾಪ.

ಬಾಲ್ಕನಿಯಲ್ಲಿ ಅತ್ತೆ ಕಾಣುತ್ತಾರೆ. ಡ್ರೈವರ್‌ಗೆ ಕೈಬೀಸಿ ರಿವರ್ಸ್ ಹೇಳಿಕೊಡುತ್ತಿದ್ದಾರೆ.

ಇವರು ಇನ್ನೂ ಬಂದಿಲ್ಲ. ಆಸ್ಪತ್ರೆಯ ತಮ್ಮ ಬೀರುವಿನ ಬೀಗದಕೈ ಹುಡುಕುತ್ತಿರಬೇಕು. ಅದು ನನ್ನ ಬ್ಯಾಗಿನಲ್ಲಿದೆ. ಹೇಳಿಲ್ಲ. ಇವತ್ತಿನ ವಿಷಯ ನನ್ನ ಕಡೆಯಿಂದ ಸಿದ್ಧ — ನಿನ್ನೆ ಕನ್ನಡಿಗೆ ಮೊಳೆ ಹೊಡೆದರು, ತಮ್ಮ ಎತ್ತರಕ್ಕೆ. ನನಗೆ ಅದರಲ್ಲಿ ಕಾಣುವುದು ಬರೀ ಬೈತಲೆ. ಎರಡು ಸಾಲೂ ಹೊಳೆದಿದೆ —
ಕನ್ನಡಿ ಏರಿತು ಗಗನಕ್ಕೆ,
ಕತ್ತು ಬಿತ್ತು

ಬಂದರು. ಕೈಯಲ್ಲಿ ಒದ್ದೆ ಟವೆಲ್ಲು. ನನ್ನದು. ಮುಖ ನೋಡಿದರೆ ಸಿಕ್ಕಿದ್ದು ಅವರ ದಿಂಬಿನ ಮೇಲೇ ಅಂತ